ಹೆಸರು ಹೇಳದ ಕಷಾಯ

ಪಾತ್ರೆಯೊಳಗಿನ ಎಲೆಗಳೆಲ್ಲ ಕುದಿದು, ಮೆತ್ತಗಾಗಿ, ಬಣ್ಣ ಬಿಟ್ಟಿದ್ದವು. ಒಂದೆರಡು ಎಲೆ ಮಾತ್ರ ಮೆತ್ತಗಾಗಿರಲಿಲ್ಲ.

ಕಷಾಯ ಉಕ್ಕುವ ಸದ್ದು ಕೇಳಿ ನೀಲಾ ಗ್ಯಾಸು ಸಣ್ಣ ಮಾಡಲು ಓಡಿಬಂದಿದ್ದಳು. ಅತ್ತೆಯ ಕಷಾಯದ ಪಾತ್ರೆಯೊಳಗೆ ಇಣುಕುವುದು ಆ ಮನೆಯಲ್ಲಿ ಯಾರಿಗೂ ರೂಢಿಯಿಲ್ಲ. ಆದರೆ ನೊರೆ ಇಳಿದಾಗ ಎಲೆಯೊಂದು ತಾನಾಗಿ ಮೇಲೆ ಬಂತು. ಉದ್ದಕ್ಕಿತ್ತು, ಚರ್ಮದ ಹಾಗೆ ದಪ್ಪಗಿತ್ತು, ನಡುವಿನ ನರ ಎದ್ದು ಕಾಣುತ್ತಿತ್ತು. ಚಮಚದಿಂದ ಒತ್ತಿದರೆ ಬಾಗಿತು. ಬಿಟ್ಟರೆ ಮತ್ತೆ ನೆಟ್ಟಗಾಯಿತು.

ಕಣಗಿಲೆ.

ಹೊರಗಿನ ಕೋಣೆಯಲ್ಲಿ ಮಗಳು ಅನುರಾಧಾ ಕೆಮ್ಮುತ್ತ ಸಾಲಿಯ ಬೂಟು ಹಾಕಿಕೊಳ್ಳುತ್ತಿದ್ದಳು. ಅತ್ತೆ ಭರಮವ್ವ ಬೆಲ್ಲದ ಡಬ್ಬಿಗೆಂದು ಆಚೆ ಹೋಗಿದ್ದವಳು ಇನ್ನೇನು ಬರಬೇಕು. ನೀಲಾ ಅರಿವೆಯನ್ನೂ ತೆಗೆದುಕೊಳ್ಳದೆ ಪಾತ್ರೆಯ ಅಂಚು ಹಿಡಿದು, ಇದ್ದಬದ್ದದ್ದನ್ನೆಲ್ಲ ಸಿಂಕಿಗೆ ಸುರಿದಳು.

"ಏನ ಬಿತ್ತದು?"

"ಕೈ ಜಾರಿತ್ರೀ ಅತ್ತಿ. ಬಿಸಿ ಹತ್ತಿತು."

"ಅಯ್ಯ, ಸುಟ್ಟಿತೇನು? ತಣ್ಣೀರಾಗ ಹಿಡಿ ಮೊದಲ." ಭರಮವ್ವ ನಲ್ಲಿಯನ್ನು ಅಂದಾಜಿನಲ್ಲಿ ತಡಕಿ ತಿರುವಿದಳು. ಸೊಸೆಯ ಕೈ ನೀರಿನ ಕೆಳಗೆ ಹೋದಮೇಲೆಯೇ ಅವಳಿಗೆ ಕಷಾಯದ ನೆನಪಾದದ್ದು. "ಎಲ್ಲಾ ಮೋರಿ ಕುಡೀತೇನ? ಇನ್ನ ಈ ವರ್ಷ ಮೋರಿಗೆ ನೆಗಡಿ ಬರೂದಿಲ್ಲ ಬಿಡು."

"ಹಂಗಾರ ಇವತ್ತ ಕಷಾಯಕ್ಕ ಸೂಟಿ!" ಅನುರಾಧಾ ಹೊರಗಿನಿಂದಲೇ ಕೂಗಿದಳು.

"ಸೂಟಿ ಇಲ್ಲ ಏನಿಲ್ಲ. ಸಂಜೀಕ ಎರಡ ಕಪ್ಪು."

"ಆಯೀ, ಅದರಾಗ ಏನ ಹಾಕಿರತಿ? ಒಂದ ಸಲ ಹೇಳ, ನಾ ಯಾರಿಗೂ ಹೇಳೂದಿಲ್ಲ."

ಭರಮವ್ವ ಮೊಮ್ಮಗಳ ಮಾತಿಗೆ ನಕ್ಕಳೇ ಹೊರತು ಹೇಳಲಿಲ್ಲ. ಅದು ಹೇಳುವಂಥದ್ದಲ್ಲ. ಖಾನಾಪುರದಿಂದ ಕಣಕುಂಬಿಗೆ ಹೋಗುವ ದಾರಿಯ ಒಂದು ಊರಿಗೆ ಅವಳು ಸೊಸೆಯಾಗಿ ಹೋದಾಗ, ಅವಳ ಅತ್ತೆ ಕಲಿಸಿದ ಮೊದಲ ನೇಮವೇ ಅದು. ಗಿಡಕ್ಕೆ ಕೈ ಹಾಕಿದ ಹೊತ್ತಿನಿಂದ ಅದು ಕುಡಿಯುವವರ ಗಂಟಲು ಇಳಿಯುವ ತನಕ ಯಾರೂ ಅದರ ಹೆಸರೆತ್ತಬಾರದು. ಕೊಡುವವರು ಹೇಳಬಾರದು, ಕುಡಿಯುವವರು ಕೇಳಬಾರದು. ಹೆಸರು ಹೇಳಿದರೆ ಎಲೆಯ ಗುಣ ಗಾಳಿಯ ಪಾಲು. ಸೋಸಿ ಉಳಿದ ಚರಟವನ್ನೂ ಕಸಕ್ಕೆ ಎಸೆಯುವಂತಿಲ್ಲ, ಗಿಡದ ಬುಡಕ್ಕೇ ಮರಳಿಸಬೇಕು.

ಮಗ ಲಕ್ಷ್ಮಣನಿಗೆ ಬೆಳಗಾವಿಯ ಉದ್ಯಮಬಾಗಿನ ಫೌಂಡ್ರಿಯಲ್ಲಿ ಕೆಲಸ ಸಿಕ್ಕು ಎಲ್ಲರೂ ಪೀರನವಾಡಿಗೆ ಬಂದಾಗ, ಭರಮವ್ವ ಹಸಿ ಗೋಣಿತಾಟಿನಲ್ಲಿ ಸುತ್ತಿ ತಂದದ್ದು ಹತ್ತಾರು ಟೊಂಗೆ, ಬೇರು. ಅವೆಲ್ಲ ಈಗ ತಾರಸಿಯ ಮೇಲೆ ಬಣ್ಣದ ಖಾಲಿ ಡಬ್ಬಿಗಳಲ್ಲಿ ಬೆಳೆದು ನಿಂತಿದ್ದವು. ಓಣಿಯವರು ನೆಗಡಿಗೆ, ಒಣಕೆಮ್ಮಿಗೆ, ಹೊಟ್ಟೆಯುಬ್ಬರಕ್ಕೆ ಬರುತ್ತಿದ್ದರು. ಜ್ವರ ಅಂದವರನ್ನು ಮಾತ್ರ ಅವಳು ಬಾಗಿಲಲ್ಲೇ ತಿರುಗಿಸುತ್ತಿದ್ದಳು. "ಡಾಕ್ಟರ ಕಡೆ ಹೋಗ್ರಿ. ನಂದು ಊಟದ ಬಾಜೂಕ ಇರೂ ಔಷಧ, ದವಾಖಾನಿ ಅಲ್ಲ."

ಮಗಳು ಸಾಲಿಗೆ ಹೋದ ಮೇಲೆ ನೀಲಾ ಒಗೆದ ಬಟ್ಟೆಯ ನೆಪ ಮಾಡಿಕೊಂಡು ತಾರಸಿ ಹತ್ತಿದಳು.

ಮಳೆ ಹಿಡಿಯುವ ಮುಂಚೆ ಸೋರುವ ಸ್ಲ್ಯಾಬಿಗೆ ವಾಟರ್‌ಪ್ರೂಫ್ ಬಣ್ಣ ಹೊಡೆಯಲೆಂದು ಕಳೆದ ವಾರ ಲಕ್ಷ್ಮಣ ಡಬ್ಬಿಗಳನ್ನೆಲ್ಲ ಎತ್ತಿ ಬದಿಗಿಟ್ಟಿದ್ದ. ಬಣ್ಣ ಒಣಗಿದ ಮೇಲೆ ಕೈಗೆ ಸಿಕ್ಕ ಹಾಗೆ ಜೋಡಿಸಿದ್ದ. ಮೆಟ್ಟಿಲು ಮುಗಿದ ಕೂಡಲೇ ಬಲಗಡೆಯ ಮೂಲೆಯಲ್ಲಿ ಮೊದಲು ಆಡುಸೋಗೆ ಇರುತ್ತಿತ್ತು. ಕೆಮ್ಮಿಗೆ ಅತ್ತೆ ಕೈಹಾಕುವುದು ಆ ಮೂಲೆಗೇ ಎಂಬುದನ್ನು ಬಟ್ಟೆ ಒಣಹಾಕುತ್ತ ನೀಲಾ ಎಷ್ಟೋ ಬೆಳಿಗ್ಗೆ ನೋಡಿದ್ದಳು. ಈಗ ಅಲ್ಲಿ ನಿಂತಿದ್ದುದು ದೇವರ ಹೂವಿಗೆಂದು ಬೆಳೆಸಿದ ಕಣಗಿಲೆ. ಅದರ ತುದಿಯಲ್ಲಿ ಎರಡು ಎಲೆ ಹರಿದ ಗುರುತು ಇನ್ನೂ ಹಸಿಯಾಗಿತ್ತು. ಆಡುಸೋಗೆ ನೀರಿನ ಟಾಕಿಯ ಹಿಂದೆ, ಯಾರೂ ಮುಟ್ಟದೆ, ಸಿಮೆಂಟಿನ ಧೂಳು ಹೊತ್ತು ನಿಂತಿತ್ತು.

ಅತ್ತೆಗೆ ಕಾಣುತ್ತಿಲ್ಲ. ಇಷ್ಟು ದಿನ ಜಾಗದ ರೂಢಿಯಲ್ಲಿ ಕೈ ನೋಡುತ್ತಿತ್ತು, ಕಣ್ಣಲ್ಲ.

ಒಂದೊಂದೇ ನೆನಪಾಗತೊಡಗಿತು. ನೀರು ಹಾಕುವಾಗ ಲೋಟದ ಹೊರಗೆ ಬೀಳುವುದು. ಪಕ್ಕದ ಮನೆಯ ಕಾಂತಾ ಬಂದರೆ ಮಾತಾಡುವ ತನಕ ಗುರುತು ಸಿಗದೆ ಸುಮ್ಮನೆ ನಗುವುದು. ಮೊನ್ನೆ ಅನುರಾಧಾಳ ತಲೆ ಹೇನು ನೋಡಿ "ಒಂದೂ ಇಲ್ಲ" ಅಂದದ್ದು, ಮರುದಿನ ನೀಲಾ ಬಾಚಿದಾಗ ಹಣಿಗೆಯ ತುಂಬ ಬಂದದ್ದು. ಅಂದು ಎಲ್ಲರೂ ನಕ್ಕಿದ್ದರು, ಭರಮವ್ವನೂ ನಕ್ಕಿದ್ದಳು.

ಮಗಳಿಗೆ ಕೆಮ್ಮು ಬಂದದ್ದು ನಿನ್ನೆ ಸಂಜೆಯಿಂದ. ಅಂದರೆ ಇದೇ ಮೊದಲ ಕಷಾಯ. ಡಬ್ಬಿಗಳು ಸರಿದ ಮೇಲೆ ಓಣಿಯಿಂದಲೂ ಕೆಮ್ಮಿಗೆಂದು ಯಾರೂ ಬಂದಿರಲಿಲ್ಲ ಎಂದು ನೀಲಾ ಲೆಕ್ಕ ಹಾಕಿದಳು. ಅವಳು ಟಾಕಿಗೆ ಒರಗಿ ಕೂತಳು. ಆಮೇಲೆ ಎದ್ದು, ನೆನಪಿಟ್ಟು ನೆನಪಿಟ್ಟು, ಒಂದೊಂದೇ ಡಬ್ಬಿಯನ್ನು ಮೊದಲಿದ್ದ ಜಾಗಕ್ಕೆ ಎಳೆದಳು. ಎಲ್ಲ ಮೊದಲಿನಂತಾದರೆ ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದುಕೊಂಡಳು.

ಕೆಳಗೆ ಬಂದಾಗ ಭರಮವ್ವ ಸಿಂಕಿನ ಮುಂದೆ ನಿಂತಿದ್ದಳು. ಕೈಯಲ್ಲೊಂದು ಬಟ್ಟಲು. ಜಾಲರಿಯಲ್ಲಿ ಸಿಕ್ಕಿದ್ದ ಚರಟವನ್ನು ಗಿಡದ ಬುಡಕ್ಕೆ ಹಾಕಲೆಂದು ಬಳಿದುಕೊಳ್ಳುತ್ತಿದ್ದಳು. ಗಾಬರಿಯಲ್ಲಿ ನೀಲಾ ಅದನ್ನು ಮರೆತೇಬಿಟ್ಟಿದ್ದಳು.

ಮುದುಕಿಯ ಬೆರಳು ನಿಂತಿತು. ಹೆಬ್ಬೆರಳು ಒಂದು ಎಲೆಯ ನಡುನರದ ಮೇಲೆ ಈ ತುದಿಯಿಂದ ಆ ತುದಿಗೆ ಹೋಯಿತು. ಮೂಗಿನ ಹತ್ತಿರ ಒಯ್ದಳು. ಮಡಚಿ ಬಿಟ್ಟಳು. ಎಲೆ ನೆಟ್ಟಗಾಯಿತು.

"ನೀಲಾ."

"ಏನ್ರೀ ಅತ್ತಿ?"

"ನಿನ್ನ ಕೈ ಜಾರಿಲ್ಲ ಹೌದಿಲ್ಲೋ?"

ಭರಮವ್ವ ಎಲೆಯನ್ನು ಬಟ್ಟಲಿಗೆ ಹಾಕಿ, ಬಟ್ಟಲನ್ನು ಕಟ್ಟೆಯ ಮೇಲಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ನಾ ಸಣ್ಣಾಕಿ ಇದ್ದಾಗ ನಮ್ಮ ಆಡೊಂದು ಇದನ್ನ ಮೇಯ್ತು. ಸಂಜೀತನಕ ಉಳೀಲಿಲ್ಲ. ಅಪ್ಪ ನನಗ ಹೊಡದಿದ್ದ, ಕಾಯಾಕ ಹೋಗಿ ಎಲ್ಲಿ ನೋಡ್ತಿದ್ದಿ ಅಂತ." ಬಟ್ಟಲನ್ನು ದೂರ ಸರಿಸಿದಳು. "ಕೂಸಿಗೆ ನಾನ ಬೆಲ್ಲ ಹಾಕಿ ಕೊಡತಿದ್ದೆ."

ಮಧ್ಯಾಹ್ನ ಕಾಂತಾ ಖಾಲಿ ಲೋಟ ಹಿಡಿದುಕೊಂಡು ಬಂದಳು. "ಮಾವಶಿ, ನಮ್ಮವರಿಗೆ ಖೋಕಲಾ ನೋಡ್ರಿ, ರಾತ್ರಿಯೆಲ್ಲಾ ಕೆಮ್ಮು. ಅವರೂ ಮಲಗೂದಿಲ್ಲ, ನಮ್ಮನ್ನೂ ಮಲಗಗೊಡೂದಿಲ್ಲ. ಕಹಿ ಜಾಸ್ತಿ ಇದ್ರೂ ನಡೀತದ. ಅವರಿಗೆ ಬೇಕ ಅದು."

"ಇಲ್ಲವಾ. ಮುಗೀತು."

"ಮುಗೀತು ಅಂದ್ರ? ಗಿಡಾ ಎಲ್ಲಾ ಮ್ಯಾಲ ಅದಾವಲ್ಲ?"

"ಗಿಡಾ ಅದಾವ. ನಾ ಮುಗದೀನಿ."

ಕಾಂತಾ ನೀಲಾಳ ಮುಖ ನೋಡಿದಳು. ನೀಲಾ ಅಕ್ಕಿಯಲ್ಲಿ ಹರಳು ಹುಡುಕುತ್ತಿದ್ದಳು. ಆ ಅಕ್ಕಿಯಲ್ಲಿ ಹರಳಿರಲಿಲ್ಲ.

ಅಂದೇ ಭರಮವ್ವ ಮೊಮ್ಮಗಳ ಕೈಯಿಂದ ಫೋನು ಹಚ್ಚಿಸಿ ತಮ್ಮ ಮೈಲಾರಲಿಂಗನ ಜೊತೆ ಮಾತಾಡಿದಳು. ಖಾನಾಪುರದ ಹತ್ತಿರ ಅವನ ಹೊಲ. ಕಾಯಿಪಲ್ಲೆ ತುಂಬಿದ ಸಣ್ಣ ಟೆಂಪೋ ತಂದು ಬೆಳಗಾವಿಯ ಮಾರ್ಕೆಟ್ಟಿನಲ್ಲಿ ಇಳಿಸಿ ಖಾಲಿ ಹೋಗುತ್ತಿದ್ದ. ರವಿವಾರ ಬಂದು ಡಬ್ಬಿಗಳನ್ನೆಲ್ಲ ಒಯ್ಯಬೇಕು, ಹೊಲದಲ್ಲಿ ಊರಬೇಕು ಎಂದು ಹೇಳಿಯೂಬಿಟ್ಟಳು.

"ಹೋಗಲಿ ಬಿಡು, ಆಕಿಗೂ ಆರಾಮ," ಎಂದ ಲಕ್ಷ್ಮಣ, ಎಲ್ಲವನ್ನೂ ಕೇಳಿದ ಮೇಲೆ. "ಮಳಿ ಸ್ವಲ್ಪ ನಿಂತ ಮ್ಯಾಲ ಕಣ್ಣಿನ ಡಾಕ್ಟರಿಗೆ ತೋರಸೂಣು."

ಆದರೆ ಆರಾಮ ಕಾಣಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಅಭ್ಯಾಸವಾದ ಜೀವ, ಈಗಲೂ ಎದ್ದು ಮುಖ ತೊಳೆದು ಮೆಟ್ಟಿಲ ತನಕ ಹೋಗುತ್ತಿತ್ತು. ಅಲ್ಲಿ ನಿಂತು ತಿರುಗಿ ಬಂದು ಗೋಡೆಗೆ ಒರಗಿ ಕೂರುತ್ತಿತ್ತು. ಚಹಾಕ್ಕೆ ಗವತಿ ಚಹಾ ಎನ್ನುವ ನಿಂಬೆಹುಲ್ಲಿನ ಗರಿಯೊಂದನ್ನೂ ಹಾಕೆನ್ನಲಿಲ್ಲ. ಬಾಗಿಲು ಬಡಿದರೆ, "ನಾ ಮಲಗೀನಿ ಅಂತ ಹೇಳು," ಅನ್ನುತ್ತಿದ್ದಳು. ಕಷಾಯಕ್ಕೆ ಮೂಗು ಮುರಿಯುತ್ತಿದ್ದ ಅನುರಾಧಾ ಕೂಡ ಒಂದು ಬೆಳಿಗ್ಗೆ ಖಾಲಿ ಕಪ್ಪು ತಂದು ಅಜ್ಜಿಯ ಮುಂದೆ ಇಟ್ಟಳು. ಭರಮವ್ವ ಕಪ್ಪನ್ನು ಬೋರಲು ಹಾಕಿದಳು.

ರವಿವಾರ ಮೈಲಾರಲಿಂಗ ಬಂದಾಗ ತುಂತುರು ಮಳೆ. ತಲೆಗೆ ಟವೆಲು ಕಟ್ಟಿಕೊಂಡೇ ತಾರಸಿ ಹತ್ತಿದ. ಅತ್ತೆಗೆ ನೀಲಾ ಒಂದು ಕುರ್ಚಿ ತಂದು ಟಾಕಿಯ ಮಗ್ಗುಲಲ್ಲಿ ಹಾಕಿ, ಛತ್ರಿ ಹಿಡಿದು ನಿಂತಳು.

"ಏನ ಅಕ್ಕಾ, ಕಾಡನ್ನ ತಂದಿಟ್ಟೀಯಲ್ಲ! ಇಲ್ಲಿ ಹುಲಿ ಪಲಿ ಏನರ ಅದಾವೇನು?"

"ಇದ್ದದ್ದೊಂದು ಹುಲಿ ಮುದುಕಿ ಆತು. ನೀ ಹೊರು."

ಅವನು ಮೊದಲ ಡಬ್ಬಿಗೆ ಕೈ ಹಾಕಿದ. "ಇದೇನು?"

ಭರಮವ್ವ ತಲೆ ಅಲ್ಲಾಡಿಸಿದಳು.

"ಹೇಳ ಅಕ್ಕಾ. ಯಾವುದಕ್ಕ ನೆಳ್ಳ ಬೇಕು, ಯಾವುದಕ್ಕ ಬಿಸಲ ಬೇಕು, ಯಾವ ಎಲಿ ಯಾತಕ್ಕ ಅಂತ ಗೊತ್ತಾಗಬೇಕಲ್ಲ? ಹೆಸರ ಹೇಳಲಾರದ ಹೆಂಗ ಸಂಭಾಳಸಲಿ? ನಿನ್ನ ಅತ್ತಿ ಸತ್ತ ಹಳೇ ಮಾತಾತು. ಇನ್ನೂ ಆಕಿಗೆ ಹೆದರತೀಯಲ್ಲ."

"ಒಯ್ಯಾಕ ಬಂದೀಯೋ, ಕಲಿಯಾಕ ಬಂದೀಯೋ?"

"ಕಲಿಯಾಕ ನಾ ಇದ್ದೀನಲ್ರೀ," ಅಂದಳು ನೀಲಾ.

ಅಂದುಬಿಟ್ಟ ಮೇಲೆ ಅವಳಿಗೇ ಗಾಬರಿಯಾಯಿತು. ಸಾಂಬ್ರಾದ ಕಡೆಯ ಕಬ್ಬಿನ ಹೊಲದಲ್ಲಿ ಬೆಳೆದವಳು. ಗಿಡಗಳಿಗೆ ನೀರು ಹಾಕಿದ್ದೇ ಹೊರತು ಒಂದು ದಿನವೂ ಇವುಗಳ ಬಗ್ಗೆ ಅತ್ತೆಯನ್ನು ಕೇಳಿದವಳಲ್ಲ. ಛತ್ರಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

"ಅತ್ತಿ, ನೀವು ಹರೀರಿ. ಹರಿಯೂ ಮುಂದ ಹೆಸರ ಹೇಳ್ರಿ. ನಾ ಬಾಜೂಕ ನಿಂತ ನೋಡತೀನಿ. ಹೌದಂದ್ರ ಹೂಂ ಅಂತೀನಿ, ಅಲ್ಲಂದ್ರ ಅಲ್ಲ ಅಂತೀನಿ. ಯಾವ ಗಿಡ ಹೆಂಗ ಇರತೈತಿ ಅಂತ ಮೊದಲ ನೀವ ನನಗ ಕಲಸ್ರಿ."

"ಹೆಸರ ಹೇಳಿದ್ರ ಗುಣ ಹೋಗತೈತಿ. ಆಮ್ಯಾಲ ಅದು ಬರೇ ಕಹಿ ನೀರು."

"ಹೋದಷ್ಟು ಹೋಗಲಿರೀ. ಉಳದಷ್ಟು ನಮಗ ಸಾಕು."

ಮಳೆಯ ಹನಿ ದೊಡ್ಡಪತ್ರೆಯ ದಪ್ಪ ಎಲೆಗಳ ಮೇಲೆ ಬೀಳುತ್ತಿತ್ತು. ಭರಮವ್ವನ ಕೈ ಮಡಿಲಿನಲ್ಲಿ, ಎಲೆ ಬಿಡಿಸುವವರ ಹಾಗೆ, ಸೆರಗಿನ ಅಂಚನ್ನು ತಿಕ್ಕುತ್ತಿತ್ತು. ಮೈಲಾರಲಿಂಗ ಎತ್ತಿದ ಡಬ್ಬಿಯನ್ನು ಇಳಿಸಲೂ ಆರದೆ, ಹೊರಲೂ ಆರದೆ ನಿಂತ.

"ಅಕ್ಕಾ, ಇದು ಹತ್ತಿ ಅಲ್ಲ. ಮಣ್ಣೈತಿ ಇದರಾಗ. ನನ್ನ ಸೊಂಟ..."

"ಇಳಸು," ಅಂದಳು ಭರಮವ್ವ. "ಆ ಮೂಲ್ಯಾಗಿಂದು ಒಂದ ಒಯ್ಯಿ. ದೇವರಿಗೆ ಹೂವ ಆಗತಾವ. ನಿನ್ನ ಆಡು ಅದಾವೇನು ಇನ್ನೂ?"

"ಮಾರಿ ವರ್ಷ ಆತು."

"ಹಂಗಾರ ಬೇಲಿಗೆ ಹಚ್ಚು. ಬಾ ಕೆಳಗ, ಚಹಾ ಕುಡದ ಹೋಗ."

"ಖಾಲಿ ಟೆಂಪೋ ತಗೊಂಡ ಬಾ ಅಂದಿ, ಒಂದ ಕಣಗಿಲ ಹೊರಸಿ ಕಳಸತಿ. ಡೀಸೆಲ್ ಯಾರ ಕೊಡವರು?" ಬೈಯುತ್ತಲೇ ಅವನು ಕಣಗಿಲೆಯ ಡಬ್ಬಿ ಹೊತ್ತು ಮೆಟ್ಟಿಲಿಳಿದ. ಟೆಂಪೋ ಓಣಿಯ ತಿರುವಿನಲ್ಲಿ ಹೊರಳಿದಾಗ, ಅಷ್ಟು ದೊಡ್ಡ ಹಿಂಭಾಗದಲ್ಲಿ ಆ ಗಿಡವೊಂದೇ ಆ ಕಡೆ ಈ ಕಡೆ ತೊನೆಯುತ್ತಿತ್ತು.

ಮರುದಿನ ನೀಲಾ ರೊಟ್ಟಿಯ ಹಿಟ್ಟಿಗೆ ಎಸರು ಇಟ್ಟಿದ್ದಳು. ಮೆಟ್ಟಿಲ ಕಡೆಯಿಂದ ಅತ್ತೆಯ ದನಿ ಬಂತು. "ನೀಲಾ, ಬರತೀಯೇನು?" ಎಸರು ಇಳಿಸಿ, ಸೊಂಟಕ್ಕೆ ಸೆರಗು ಸಿಗಿಸಿಕೊಂಡು, ಅವಳು ಹಿಂದೆಯೇ ಮೇಲೆ ಹೋದಳು.

ಮಳೆ ನಿಂತಿತ್ತು. ಭರಮವ್ವ ಬಲಗಡೆಯ ಮೂಲೆಗೆ ಹೋಗಿ ಕೈ ಚಾಚಿದಳು. ಉದ್ದನೆಯ ಮೆತ್ತಗಿನ ಎಲೆಯೊಂದು ಬೆರಳಿಗೆ ಸಿಕ್ಕಿತು. ಕೆಳಗಿನಿಂದ ಸವರಿದಳು, ತುದಿಯನ್ನು ತಿಕ್ಕಿ ಮೂಸಿದಳು. ತುಟಿ ತೆರೆದು ಮತ್ತೆ ಮುಚ್ಚಿಕೊಂಡಿತು. ನೀಲಾ ಕಾದಳು. ಕೆಳಗೆ ಯಾರದೋ ಮನೆಯಲ್ಲಿ ಕುಕ್ಕರು ಕೂಗಿ ಸುಮ್ಮನಾಯಿತು.

ಹೊಸ್ತಿಲಲ್ಲಿ ನಿಲ್ಲಿಸಿ ಗಂಡನ ಹೆಸರು ಹೇಳು ಹೇಳು ಎಂದು ಎಲ್ಲರೂ ಕಾಡಿದಾಗ ಮದುಮಗಳು ಹೇಳುತ್ತಾಳಲ್ಲ, ಹಾಗೆ, ತಲೆ ತಗ್ಗಿಸಿ, ಕೇಳಿಯೂ ಕೇಳದಂತೆ ಅವಳು ಅಂದಳು, "ಆಡಸೋಗಿ."

"ಹೂಂರೀ."

ಎಲೆ ತಟ್ಟೆಗೆ ಬಿತ್ತು. ಭರಮವ್ವ ಗಾಳಿ ಬಂದ ಕಡೆಗೆ ಮುಖವೆತ್ತಿ ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಪಕ್ಕದ ಡಬ್ಬಿಯ ಕಡೆಗೆ ಕೈ ಚಾಚಿದಳು.