ಏಳು ಬಾಗಿಲಿನ ಸೇತುವೆ

ಕಾರು ಕೊನೆಯ ತಿರುವು ದಾಟಿದ್ದೇ ತಡ, ಬುರುಲ್‌ಳ ಎದೆ ಧಸಕ್ಕೆಂದಿತು. ಎದುರಿಗೆ ಸೇತುವೆ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. ನಿನ್ನೆ ಬೆಳಿಗ್ಗೆ ಅವಳು ದಾಟಿ ಹೋಗುವಾಗ ತುಕ್ಕು ಹಿಡಿದು ನೇತಾಡುತ್ತಿದ್ದ ಕಂಬಿಗಳಿಗೆ ಈಗ ಆಕಾಶನೀಲಿ ಬಣ್ಣ. ತೂತುಗಳಿದ್ದ ಜಾಗದಲ್ಲಿ ಈ ದಡದಿಂದ ಆ ದಡದವರೆಗೂ ಕೆಂಪು ಕಪ್ಪು ಚಿತ್ತಾರದ ಉಣ್ಣೆ ಜಮಖಾನೆಗಳು. ಆಚೆ ತುದಿಯಲ್ಲಿ ಊರಿಗೆ ಊರೇ ನೆರೆದಿತ್ತು. ಎಲ್ಲರಿಗಿಂತ ಮುಂದೆ, ಕೈಯಲ್ಲಿ ರೊಟ್ಟಿಯ ತಟ್ಟೆ ಹಿಡಿದು, ಬಿಳಿ ಟೋಪಿ ಬಿಳಿ ಗಡ್ಡದ ಅವಳ ಮಾವ ಮುಸುರಾಲಿ ನಿಂತಿದ್ದರು.

ಎಂಜಿನಿಯರ್ ಕೆರಿಮ್‌ಬೆಕ್ ಕಾರು ನಿಲ್ಲಿಸಿ ಕನ್ನಡಕ ಸರಿಮಾಡಿಕೊಂಡರು. "ಇದೇ ಏನಮ್ಮ ನೀವು ದಾರಿಯುದ್ದಕ್ಕೂ ಹೇಳ್ತಿದ್ದ ಸೇತುವೆ?"

ಬುರುಲ್ ಸೇತುವೆಯನ್ನೇ ನೋಡಿದಳು. ಕಾರಿನಲ್ಲಿ ಎರಡು ಗಂಟೆ ಅವಳು ಸುಮ್ಮನೆ ಕೂತಿರಲಿಲ್ಲ. ಹೋದ ವಸಂತದಲ್ಲಿ ಪಕ್ಕದ ಮನೆಯ ಕುದುರೆ ತೂತಿಗೆ ಕಾಲು ಹಾಕಿ ಮುರಿದುಕೊಂಡದ್ದು, ಹಾಲಿನ ಲಾರಿಯವನು ಆಚೆ ದಡದಲ್ಲೇ ನಿಂತು ಹಾರ್ನ್ ಹೊಡೆಯುವುದು, ಆಂಬುಲೆನ್ಸ್ ದಾಟದೆ ನೆರೆಯ ಗುಲಾಯಿಮಳ ಗಂಡನನ್ನು ನಾಲ್ಕು ಜನ ಕಂಬಳಿಯಲ್ಲಿ ಹೊತ್ತುಕೊಂಡು ಹೋದದ್ದು, ಒಂದನ್ನೂ ಬಿಡದೆ ಹೇಳಿದ್ದಳು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಈಗ ನೋಡಿದರೆ ತಾನೇ ಸುಳ್ಳಿ.

"ಇದೇ ಸಾರ್" ಎಂದಳು.

ಜಮೀನೆಲ್ಲ ಸರ್ಕಾರದ್ದಾಗಿದ್ದ ಸಾಮೂಹಿಕ ಕೃಷಿಯ ಕಾಲದಲ್ಲಿ ಯಾರೋ ಹಳೆಯ ರೈಲು ಗಾಡಿಯ ಕಬ್ಬಿಣದ ಚೌಕಟ್ಟನ್ನು ತಂದು ಹೊಳೆಗೆ ಅಡ್ಡ ಹಾಕಿ ಮೇಲೆ ಹಲಗೆ ಬಡಿದಿದ್ದರು. ಚೋಂಗ್-ತಾಲಾ ಊರಿಗೆ ಇದ್ದದ್ದು ಅದೊಂದೇ ದಾರಿ. ಕಬ್ಬಿಣ ಉಳಿಯಿತು, ಹಲಗೆ ಕೊಳೆಯಿತು. ಊರ ಕಚೇರಿಯ ಕಾರ್ಯದರ್ಶಿಯಾದ ಬುರುಲ್ ಆರು ವರ್ಷ ಆರು ಅರ್ಜಿ ಬರೆದಿದ್ದಳು. ಒಂದು ವರ್ಷ ಸಹಿ ಸಾಲದು, ಒಂದು ವರ್ಷ ನಕ್ಷೆ ಇಲ್ಲ, ಒಂದು ವರ್ಷ ಕಾಗದವೇ ಎಲ್ಲೋ ಮಾಯ. ಏಳನೇ ಅರ್ಜಿ ಹಾಕಿದ ಈ ಸಲ ಸರ್ಕಾರ ರಸ್ತೆ-ಸೇತುವೆ ನಿಧಿಯಲ್ಲಿ ಹಳ್ಳಿಗಳಿಗೆಂದೇ ಪಾಲು ತೆಗೆದಿಟ್ಟಿತ್ತು. ನಿಯಮ ಸರಳ: ಎಂಜಿನಿಯರ್ ಬಂದು ನೋಡಿ ನೂರಕ್ಕೆ ಇಷ್ಟು ಅಂತ ಅಂಕ ಹಾಕಬೇಕು. ಮೂವತ್ತಕ್ಕಿಂತ ಕಡಿಮೆ ಬಂದರೆ ಬರುವ ವಸಂತಕ್ಕೆ ಹೊಸ ಸೇತುವೆ. ಮೂವತ್ತು ದಾಟಿದರೆ ಊರಿನ ಹೆಸರು ಪಟ್ಟಿಯ ಬುಡಕ್ಕೆ, ಐದು ವರ್ಷ ಯಾರೂ ಇತ್ತ ತಲೆ ಹಾಕುವಂತಿಲ್ಲ.

ಅಂಥ ಎಂಜಿನಿಯರನ್ನು ಕರೆತರಲೆಂದು ಅವಳು ಹಿಂದಿನ ದಿನವೇ ಪಟ್ಟಣಕ್ಕೆ ಹೋಗಿದ್ದಳು. ಅಲ್ಲಿಂದ ಮಾವನಿಗೆ ಫೋನ್ ಮಾಡಿ, "ನಾಳೆ ಸಾಹೇಬ್ರು ಬರ್ತಾರೆ ಮಾವ. ಸೇತುವೆನ ನಡ್ಕೊಂಡೇ ದಾಟ್ತಾರಂತೆ" ಅಂದಿದ್ದಳು. ಅಷ್ಟೇ. ಅತಿಥಿ ಬರುತ್ತಾನೆ, ಅದೂ ನಡೆದುಕೊಂಡು, ಅದೂ ಈ ಸೇತುವೆಯ ಮೇಲೆ ಎಂದು ಕೇಳಿದ ಮೇಲೆ ಮುಸುರಾಲಿಯಂಥ ಮನುಷ್ಯ ಕೈಕಟ್ಟಿ ಕೂರುತ್ತಾರೆಯೇ! ಮನೆಗೊಬ್ಬರಂತೆ ಊರನ್ನೆಲ್ಲ ಕೂಗಿ ಎಬ್ಬಿಸಿ ಹೊಳೆಗೆ ಇಳಿಸಿಬಿಟ್ಟಿದ್ದರು. ಊರವರು ಆರು ವರ್ಷದಲ್ಲಿ ಮಾಡದ ಕೆಲಸವನ್ನು ಒಂದೇ ದಿನಕ್ಕೆ ಮಾಡಿ ಮುಗಿಸಿದ್ದರು.

ಕೆರಿಮ್‌ಬೆಕ್ ಜಮಖಾನೆಯ ಮೇಲೆ ಕಾಲಿಟ್ಟರು. ಬುರುಲ್ ಹಿಂದೆಯೇ ನಡೆದಳು. ಕಾಲಡಿ ಗಟ್ಟಿಯಾಗಿತ್ತು. ಹಲಗೆ ಎಲ್ಲಿಂದ ತಂದರು? ಸುತ್ತ ಇಪ್ಪತ್ತು ಮೈಲಿ ಮರವೇ ಇಲ್ಲ. ಮಧ್ಯಕ್ಕೆ ಬಂದಾಗ ಪಾದಕ್ಕೆ ಏನೋ ಉಬ್ಬು ಸಿಕ್ಕಿತು. ಹಿಡಿಯಂಥದ್ದು.

"ನಡುವಲ್ಲೇ ಬನ್ನಿ, ಅಂಚಿಗೆ ಹೋಗ್ಬೇಡಿ" ಎಂದು ಮುಸುರಾಲಿ ಆಚೆಯಿಂದ ಕೈ ಬೀಸಿದರು. "ದಾರಿ ಸವೆಸಿ ಬಂದಿದ್ದೀರಿ, ಮೊದ್ಲು ರೊಟ್ಟಿ ಮುರೀರಿ."

ಎಂಜಿನಿಯರ್ ಆ ತುದಿ ಮುಟ್ಟಿ, ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, ಪೆನ್ಸಿಲ್ ತೆಗೆದು ಕಂಬಿ ತಟ್ಟಿ ನೋಡಿದರು. "ಅಜ್ಜ, ಈ ಜಮಖಾನೆ ಒಂಚೂರು ಎತ್ತಿಸ್ತೀರಾ? ಕೆಳಗೆ ಹೇಗಿದೆ ನೋಡ್ಬೇಕಿತ್ತು."

ಮುಸುರಾಲಿಯ ಮುಖ ಬಾಡಿತು. "ಅತಿಥಿ ಕಾಲಡಿ ಹಾಸಿದ್ದನ್ನ ಅತಿಥಿ ಇರೋವಾಗ್ಲೇ ಎಳೆಯೋದಾ? ನಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೆ ಸಾಹೇಬ್ರೆ!"

ಕೆರಿಮ್‌ಬೆಕ್ ಕೂಡ ಅಂಥದ್ದೇ ಒಂದು ಮನೆಯಲ್ಲಿ ಹುಟ್ಟಿ ಬೆಳೆದವರು. ಮತ್ತೆ ಕೇಳಲಿಲ್ಲ. ಕೆಳಗಿಳಿದು ನೋಡೋಣವೆಂದರೆ, ನೀರು ಕೊರೆಯುತ್ತೆ, ಬೂಟು ಹಾಳಾಗುತ್ತೆ ಎಂದು ನಾಲ್ಕು ಜನ ಅಡ್ಡ ನಿಂತರು. ಅವರು ನಕ್ಕು, ಕಾಗದದಲ್ಲಿ ಪೆನ್ಸಿಲಿನಿಂದಲೇ ಅಂಕ ಗುರುತು ಮಾಡಿದರು. ಸಹಿ ಆಮೇಲೆ, ಊಟ ಆದ ಮೇಲೆ. ಬುರುಲ್ ಅವರ ಭುಜದ ಮೇಲಿಂದ ಇಣುಕಿದಳು. ಐವತ್ತೆಂಟು.

ಅಯ್ಯೋ ಎಂದು ಕೂಗಿಬಿಡಬೇಕು ಅನ್ನಿಸಿತು. ಆದರೆ ಹೇಗೆ ಕೂಗುವುದು? ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೆಂಟು ವರ್ಷ. ಒಂದು ದಿನವೂ ಮಾವನಿಗೆ ಬೆನ್ನು ತೋರಿಸಿ ಕೂತವಳಲ್ಲ, ಅವರೆದುರು ಕಾಲು ಚಾಚಿದವಳಲ್ಲ, ಅವರ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ಹೊರಗಿನವರ ಎದುರಿಗೆ, ಇವರೆಲ್ಲ ಸೇರಿ ನಾಟಕ ಕಟ್ಟಿದ್ದಾರೆ ಅಂತ ಅವಳು ಹೇಳಿದರೆ ಆ ಮುದುಕ ಮತ್ತೆ ತಲೆ ಎತ್ತಿ ಓಡಾಡುವುದುಂಟೆ? ಅದೂ ಅವರ ಮುಖ ನೋಡಿದರೆ! ಮೀಸೆಯ ತುದಿಗೆ ನೀಲಿ ಬಣ್ಣ ಅಂಟಿಸಿಕೊಂಡು, ಪರೀಕ್ಷೆಯಲ್ಲಿ ಪಾಸಾದ ಹುಡುಗನ ಹಾಗೆ ಬೀಗುತ್ತಿದ್ದರು.

"ಹೇಗಿದೆ ಮಗಳೇ?" ಎಂದು ಅವಳತ್ತ ಬಾಗಿ ಪಿಸುಗುಟ್ಟಿದರು. "ನಿನ್ನ ಮರ್ಯಾದೆ ಉಳಿಸಿದ್ವೋ ಇಲ್ವೋ?"

"ಉಳಿಸಿದ್ರಿ ಮಾವ" ಎಂದಳು ಬುರುಲ್. ಕಣ್ಣಲ್ಲಿ ನೀರು ತುಂಬಿತು. ಮುದುಕ ಅದನ್ನು ಸಂತೋಷದ್ದೇ ಅಂದುಕೊಂಡರು.

ಅವರ ಮನೆಯ ಅಂಗಳದಲ್ಲಿ ದೊಡ್ಡ ಕಡಾಯಿಯಲ್ಲಿ ಕುರಿ ಬೇಯುತ್ತಿತ್ತು. ಗುಲಾಯಿಮ್ ಸೌಟು ಹಿಡಿದು ನಿಂತಿದ್ದಳು. ಬುರುಲ್ ಮೆಟ್ಟಿಲು ಹತ್ತಿದವಳು ಹಾಗೇ ನಿಂತುಬಿಟ್ಟಳು. ಮನೆಗೆ ಬಾಗಿಲೇ ಇರಲಿಲ್ಲ. ಚೌಕಟ್ಟಿಗೆ ಒಂದು ಕಂಬಳಿ ಇಳಿಬಿಟ್ಟಿದ್ದರು.

"ಬಾಗಿಲೆಲ್ಲಿ ಹೋಯ್ತೇ?" ಎಂದು ಗುಲಾಯಿಮಳ ಕಿವಿಯಲ್ಲಿ ಕೇಳಿದಳು.

"ಅದರ ಮೇಲೆ ನಡ್ಕೊಂಡು ಬಂದ್ಯಲ್ಲೇ ಬುರುಲಕ್ಕ!" ಗುಲಾಯಿಮ್ ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡು ನಕ್ಕಳು. "ಏಳು ಮನೇದು ಕಿತ್ತವ್ರೆ. ನಮ್ದೂ ಹೋಯ್ತು. ನಿನ್ನೆ ರಾತ್ರಿ ನಮ್ಮನೆ ನಾಯಿ ನನ್ನ ಪಕ್ಕದಲ್ಲೇ ಮಲಗಿತ್ತು, ಗಂಡನಿಗಿಂತ ಚೆನ್ನಾಗಿ."

ಬುರುಲ್‌ಗೆ ನಗು ಬರಲಿಲ್ಲ. ಆದರೆ ತಲೆಯಲ್ಲಿ ಏನೋ ಒಂದು ಹೊಳೆಯಿತು. ತಲೆವಸ್ತ್ರ ಬಿಗಿಮಾಡಿಕೊಂಡು ಒಳಗೆ ಹೋದಳು.

ಅತಿಥಿಯನ್ನು ಎಲ್ಲಿ ಕೂರಿಸಬೇಕು ಎನ್ನುವುದಕ್ಕೆ ಆ ನಾಡಿನಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಬಾಗಿಲಿಗೆ ಎದುರಾಗಿ, ಅದರಿಂದ ತೀರಾ ದೂರದಲ್ಲಿ, ದಪ್ಪ ಹಾಸಿಗೆಯ ಮೇಲೆ. ಕೆರಿಮ್‌ಬೆಕ್ ಅಲ್ಲಿ ಕೂತರು. ಹಿರಿಯರು ಎಡಬಲಕ್ಕೆ ಕೂತರು. ಮರ್ಯಾದೆಯ ಪಾಲಾದ ಕುರಿಯ ತಲೆ ಅತಿಥಿಯ ಮುಂದೆ ಬಂತು, ಹುದುಗಿಸಿದ ಕುದುರೆ ಹಾಲಿನ ಕುಮಿಸ್ ಬಟ್ಟಲುಗಳು ಸುತ್ತಿದವು. ಎಲ್ಲರೂ ಮಾತಿಗೆ ತೊಡಗಿದಾಗ ಬುರುಲ್ ಎದ್ದು, ತಲೆ ತಗ್ಗಿಸಿಕೊಂಡೇ, ಇಳಿಬಿಟ್ಟಿದ್ದ ಕಂಬಳಿಯನ್ನು ಸುರುಳಿ ಸುತ್ತಿ ಮೇಲಕ್ಕೆ ಕಟ್ಟಿದಳು.

"ಅದ್ಯಾಕೆ?" ಎಂದರು ಮುಸುರಾಲಿ ಕಣ್ಣು ಕಿರಿದು ಮಾಡಿ.

"ಹೊಗೆ ಮಾವ. ಸಾಹೇಬ್ರ ಕಣ್ಣು ಉರೀಬಾರ್ದು."

ಅಕ್ಟೋಬರಿನ ಗಾಳಿ ಹೇಳಿ ಕಳಿಸಿದ ಹಾಗೆ ನೇರ ಒಳಗೆ ಬಂತು. ಅತಿಥಿಯ ಎದುರಿಗೆ ಈಗ ಅಡ್ಡಿಯಿಲ್ಲದ ಊರು. ಆಚೆ ಮನೆಯ ಬಾಗಿಲಲ್ಲಿ ಹೂವಿನ ರಜಾಯಿ ನೇತಾಡುತ್ತಿತ್ತು. ಅದರ ಪಕ್ಕದ ಮನೆಗೆ ಟ್ರ್ಯಾಕ್ಟರಿನ ಟಾರ್ಪಾಲು. ಅದರಾಚೆ ಮನೆಯ ಚೌಕಟ್ಟಿಗೆ ಒಂದು ಮೇಜನ್ನು ಅಡ್ಡ ನಿಲ್ಲಿಸಿದ್ದರು, ಒಬ್ಬ ಅಜ್ಜಿ ಅದನ್ನು ದಾಟಲಾಗದೆ ಬೈಯುತ್ತಿದ್ದಳು. ಅಷ್ಟರಲ್ಲಿ ಗುಲಾಯಿಮಳ ಟರ್ಕಿ ಕೋಳಿ ಮೆಟ್ಟಿಲು ಹತ್ತಿ, ಸ್ವಂತ ಮನೆಗೆ ಬಂದ ಗತ್ತಿನಲ್ಲಿ ಒಳಗೆ ಬಂದು, ಊಟದ ಬಟ್ಟೆಯ ಅಂಚಿನಲ್ಲಿ ನಿಂತು ಎಲ್ಲರನ್ನೂ ನೋಡಿತು.

ಕೆರಿಮ್‌ಬೆಕ್ ಚಾಕು ಕೆಳಗಿಟ್ಟರು. "ಅಜ್ಜ, ತಪ್ಪು ತಿಳ್ಕೋಬೇಡಿ. ನಿಮ್ಮೂರಲ್ಲಿ ಬಾಗಿಲು ಇಡೋ ಪದ್ಧತಿ ಇಲ್ವಾ?"

ಟರ್ಕಿ ಕೋಳಿ ಮಾತ್ರ ಏನೋ ಹೇಳಿತು. ಮುಸುರಾಲಿ ರೊಟ್ಟಿಯನ್ನೇ ನೋಡುತ್ತ ಕೂತರು. ಎಪ್ಪತ್ತೊಂಬತ್ತು ವರ್ಷದಲ್ಲಿ ಅವರು ರೊಟ್ಟಿಯ ಮುಂದೆ ಕೂತು ಸುಳ್ಳು ಹೇಳಿದವರಲ್ಲ.

"ಇತ್ತು" ಎಂದರು ಕೊನೆಗೆ. "ನಿಮ್ಮ ಕಾಲಡೀಲಿತ್ತು."

ಊಟ ಅರ್ಧಕ್ಕೇ ನಿಂತಿತು. ಎಲ್ಲರೂ ಸೇತುವೆಗೆ ಬಂದರು. ಈ ಸಲ ಯಾರೂ ಕೇಳಬೇಕಾಗಲಿಲ್ಲ, ಮುಸುರಾಲಿಯೇ ಮೊಣಕಾಲೂರಿ ಜಮಖಾನೆಗಳನ್ನು ಒಂದೊಂದಾಗಿ ಸುತ್ತಿದರು. ಬುರುಲ್ ಅದನ್ನು ನೋಡಲಾರದೆ ಹೊಳೆಯ ಕಡೆ ತಿರುಗಿದಳು. ತನ್ನಿಂದಲೇ ಆಯಿತಲ್ಲ ಎಂದು ಸಂಕಟವಾಯಿತು.

ಕಬ್ಬಿಣದ ಚೌಕಟ್ಟಿನ ಮೇಲೆ ಏಳು ಬಾಗಿಲುಗಳು ಸಾಲಾಗಿ ಅಂಗಾತ ಮಲಗಿದ್ದವು. ಒಂದಕ್ಕೆ ಚಿಲಕ, ಒಂದಕ್ಕೆ ಕುದುರೆ ಲಾಳ, ಒಂದರ ಮೇಲೆ ಮನೆ ನಂಬರು. ಗುಲಾಯಿಮಳ ಬಾಗಿಲ ಮೇಲೆ "ನಾಯಿ ಇದೆ, ಎಚ್ಚರಿಕೆ" ಎಂಬ ಬರಹ. ನಡುವಿನ ಹಸಿರು ಬಾಗಿಲು ಬುರುಲ್‌ಳ ಮನೆಯದು. ಅದನ್ನು ಇಬ್ಬರು ಎತ್ತಿ ಹಿಡಿದರು. ಕೆಳಗೆ ಒಂದು ಹಸು ಬೀಳುವಷ್ಟು ದೊಡ್ಡ ತೂತು, ಅದರಡಿಯಲ್ಲಿ ಬಿಳಿ ನೊರೆ ಕಟ್ಟಿಕೊಂಡು ಓಡುವ ನೀರು. ತಾನು ಎರಡು ಗಂಟೆಯ ಹಿಂದೆ ದಾಟಿದ್ದು ಇದನ್ನೇ ಎಂದು ತಿಳಿದು ಎಂಜಿನಿಯರ್ ಒಂದು ಹೆಜ್ಜೆ ಹಿಂದೆ ಸರಿದರು.

"ಅಜ್ಜ, ಇದೇನಜ್ಜ! ಸರ್ಕಾರಕ್ಕೆ ತೂತು ತೋರಿಸ್ಬೇಕು, ಜಮಖಾನೆ ಅಲ್ಲ."

"ಸರ್ಕಾರ ಬಂದಿದ್ರೆ ತೋರಿಸ್ತಿದ್ದೆ" ಎಂದರು ಮುಸುರಾಲಿ. "ಬಂದಿದ್ದು ನೀವಲ್ವಾ. ಮನುಷ್ಯರು. ಹೆಂಡ್ತಿ ಮಕ್ಕಳು ಇರೋರು. ಬಿದ್ದೋಗಿದ್ರೆ?"

ಕೆರಿಮ್‌ಬೆಕ್ ಜೇಬಿನಲ್ಲಿ ಹುಡುಕಾಡಿ ರಬ್ಬರು ತೆಗೆದು ಐವತ್ತೆಂಟನ್ನು ಉಜ್ಜಿದರು. ಮೇಲ್ಮೈ ಎಂಬ ಜಾಗದಲ್ಲಿ ದೊಡ್ಡ ಸೊನ್ನೆ ಸುತ್ತಿದರು. ಷರಾ ಎಂಬಲ್ಲಿ, "ಹಲಗೆ: ಇಲ್ಲ. ಬಾಗಿಲು: ಏಳು" ಎಂದು ಬರೆದರು. ಒಟ್ಟು ಇಪ್ಪತ್ತೊಂದು. ಪೆನ್ನು ತೆಗೆದು, ಹಸಿರು ಬಾಗಿಲಿನ ಮೇಲೆಯೇ ಕಾಗದ ಇಟ್ಟುಕೊಂಡು ಸಹಿ ಹಾಕಿದರು.

"ಸಾಕ್ಷಿ ಹಿರಿಯರ ಹೆಸರು?" ಎಂದು ಬುರುಲ್‌ಳನ್ನು ಕೇಳಿದರು.

ಬುರುಲ್ ಕೆಂಪಾದಳು. ಗುಲಾಯಿಮ್ ಮುಂದೆ ನುಗ್ಗಿದಳು. "ಅವಳ ಬಾಯಲ್ಲಿ ಬರಲ್ಲ ಸಾರ್, ಮಾವ ಅಲ್ವಾ! ನಾನ್ ಹೇಳ್ತೀನಿ ಬರ್ಕೊಳ್ಳಿ. ಮುಸುರಾಲಿ!" ಎಂದು ಹೊಳೆಗೆ ಕೇಳುವ ಹಾಗೆ ಕೂಗಿದಳು. ಜನವೆಲ್ಲ ಗೊಳ್ಳೆಂದು ನಕ್ಕಿತು. ಮುದುಕರೂ ನಕ್ಕರು.

"ಮಂಜು ಕರಗ್ತಿದ್ದ ಹಾಗೆ ಕೆಲಸ ಶುರು" ಎಂದರು ಎಂಜಿನಿಯರ್. "ಕೂಲಿ ಕೆಲಸ ಊರವರದ್ದೇ ಅಂತ ಅರ್ಜೀಲಿ ಬರ್ಕೊಟ್ಟಿದ್ದೀರಿ, ನೆನಪಿರಲಿ. ಒಂದೇ ದಿನದಲ್ಲಿ ಇಷ್ಟು ಮಾಡಿದೋರು ನೀವು, ನಿಮ್ಮ ಬಗ್ಗೆ ನಂಗೆ ಹೆದರಿಕೆ ಇಲ್ಲ." ಉಳಿದ ಊಟ ಮುಗಿಸಿ, ಬೇಡ ಬೇಡವೆಂದರೂ ಕಟ್ಟಿಕೊಟ್ಟ ಮಾಂಸದ ಗಂಟು ಹಿಡಿದು, ಅವರು ಏಳು ಬಾಗಿಲುಗಳನ್ನೂ ಮೆಲ್ಲಗೆ ತುಳಿಯುತ್ತ ದಾಟಿ ಹೋದರು.

ಕಾರು ಮರೆಯಾದ ಮೇಲೆ ಊರವರು ತಂತಮ್ಮ ಬಾಗಿಲು ಹೊತ್ತುಕೊಂಡರು. ಬುರುಲ್‌ಳ ಗಂಡ ಕುರಿಗಳ ಜೊತೆ ಇನ್ನೂ ಬೆಟ್ಟದ ಮೇಲಿದ್ದ. ಹಸಿರು ಬಾಗಿಲಿನ ಒಂದು ತುದಿಯನ್ನು ಅವಳು ಹಿಡಿದಳು, ಇನ್ನೊಂದನ್ನು ಮಾವ, ಯಾರು ಬೇಡವೆಂದರೂ ಕೇಳದೆ. ಬಾಗಿಲು ನೀರು ಕುಡಿದು ಭಾರವಾಗಿತ್ತು.

"ಹೊಗೆ ಅಂದ್ಯಲ್ಲ" ಎಂದರು ಮುಸುರಾಲಿ.

"ಹೌದು ಮಾವ."

"ಒಲೆ ಅಂಗಳದಲ್ಲಿತ್ತು."

ಬುರುಲ್‌ಳ ಕಾಲು ನಿಂತಿತು. ಮುದುಕರ ಕಾಲೂ ನಿಂತಿತು. ಅವರು ಏದುಸಿರು ಬಿಡುತ್ತಿದ್ದರು. ಬಾಗಿಲನ್ನು ರಸ್ತೆಯ ನಡುವೆಯೇ ಕೆಳಗಿಟ್ಟರು. ಈಗ ಬೈಗುಳ ಬರುತ್ತದೆ ಎಂದು ಅವಳು ತಲೆ ತಗ್ಗಿಸಿ ಕಾದಳು. ಬರಲಿಲ್ಲ. ನೋಡಿದರೆ ಅವರ ಭುಜ ಕುಲುಕುತ್ತಿತ್ತು. ಮುದುಕರು ನಗುತ್ತಿದ್ದರು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು.

"ನಾನು ಹಾಳು ಮಾಡ್ಬಿಡ್ತಿದ್ದೆ, ಅಲ್ವಾ? ಏಳನೇ ಸಲಾನೂ."

"ಇಲ್ಲ ಮಾವ…"

"ಸಾಕು ಸುಮ್ನಿರು. ನಂಗೇನು ಗೊತ್ತಾಗಲ್ವಾ."

ಅವರು ಬಾಗಿಲ ಮೇಲೆ ಕೂತರು. ಕೆಳಗಿನ ತುದಿಯಲ್ಲಿ, ಸದಾ ಮಣ್ಣು ತಾಗುವ ಕಡೆ. ಆಮೇಲೆ ಮೇಲಿನ ತುದಿಯ ಧೂಳನ್ನು ಟೋಪಿಯಿಂದ ಎರಡು ಸಲ ಒರೆಸಿ, ಅತಿಥಿಗೆ ಜಾಗ ತೋರಿಸುವ ಹಾಗೆ ಅಂಗೈಯಿಂದ ತಟ್ಟಿದರು.

"ಕೂತ್ಕೊ."

ಬುರುಲ್ ಸುತ್ತ ನೋಡಿದಳು. ಮುಂದೆ ಗುಲಾಯಿಮ್ ಗಂಡನ ಜೊತೆ ತನ್ನ ಬಾಗಿಲು ಹೊತ್ತು ಹೋಗುತ್ತಿದ್ದಳು, ತಿರುಗಿ ನೋಡಲಿಲ್ಲ. ಅವಳು ಮೆಲ್ಲಗೆ ಕೂತು, ಕಾಲು ನೋಯುತ್ತಿದ್ದುದರಿಂದ, ಸ್ವಲ್ಪ ಹೊತ್ತಿನ ಮೇಲೆ ಅವನ್ನು ಮುಂದೆ ಚಾಚಿಕೊಂಡಳು. ಹಿಂದಿನಿಂದ ಹುಲ್ಲು ಹೇರಿದ ಗಾಡಿಯೊಂದು ಬಂತು. ಗಾಡಿಯವನು ಇಬ್ಬರನ್ನೂ ನೋಡಿ, ಕುದುರೆಯನ್ನು ರಸ್ತೆಯಿಂದ ಕೆಳಗಿಳಿಸಿ ಬಾಗಿಲನ್ನು ಬಳಸಿಕೊಂಡು ಹೋದ.