ಏಳು ಪಾಲು ಅಗಲ

ಬಿಲ್ಲುಬೇಟೆಯ ಹಂಗಾಮು ಮುಗಿಯಲು ಇನ್ನು ನಾಲ್ಕೇ ದಿನ ಉಳಿದಿತ್ತು. ರಾಕಿ ಬೆಟ್ಟಗಳಿಂದ ಇಳಿದು ಬರುವ ರಸ್ತೆಯ ತಿರುವಿನಲ್ಲಿ, ವನ್ಯಜೀವಿ ಇಲಾಖೆಯ ತಗಡಿನ ಚೌಕಿಯ ಮುಂದೆ ಡೆಲ್ಮರ್ ಬೆಳಗ್ಗೆಯಿಂದ ನಿಂತೇ ಇದ್ದ. ಮೂವತ್ತೊಂದು ವರ್ಷದಿಂದ ನಿಂತೇ ಇದ್ದ ಅಂದರೂ ಸುಳ್ಳಲ್ಲ. ಮಂಡಿಗಳು ಸೋತಿದ್ದವು. ಫ್ಲಾಸ್ಕಿನ ಕಾಫಿ ಆರಿ ಕಲಗಚ್ಚಾಗಿತ್ತು. ಡಿಸೆಂಬರಿನಲ್ಲಿ ನಿವೃತ್ತಿ. ಬೇಟೆಗಾರರ ಸುಳ್ಳುಗಳನ್ನು ಕೇಳಿ ಕೇಳಿ ಅವನಿಗೀಗ ಸಿಟ್ಟೂ ಬರುತ್ತಿರಲಿಲ್ಲ, ಬರೀ ಆಕಳಿಕೆ ಬರುತ್ತಿತ್ತು.

ಅವನ ಕೆಲಸ ಸರಳ. ಪರವಾನಗಿ ನೋಡಬೇಕು, ಮಾಂಸ ನೋಡಬೇಕು, ಆಮೇಲೆ ಬಾಣದ ಮೊನೆಯನ್ನು ಸೊಂಟಕ್ಕೆ ನೇತುಹಾಕಿಕೊಂಡ ಹಿತ್ತಾಳೆ ಉಂಗುರದಲ್ಲಿಟ್ಟು ನೋಡಬೇಕು. ಒಂದು ಇಂಚನ್ನು ಎಂಟು ಪಾಲು ಮಾಡಿದರೆ ಅದರಲ್ಲಿ ಏಳು ಪಾಲು; ಮೊನೆಯ ಅಲಗು ಅಷ್ಟಾದರೂ ಅಗಲ ಇರಲೇಬೇಕು ಎಂದು ಕಾನೂನು. ಮೊನೆ ಉಂಗುರಕ್ಕೆ ಸಿಕ್ಕಿ ನಿಂತರೆ ಸರಿ, ತೂರಿ ಆಚೆ ಬಂದರೆ ತಪ್ಪು. ತಪ್ಪಾದರೆ ಮಾಂಸ ಜಪ್ತಿ, ಎರಡು ವರ್ಷ ಬೇಟೆ ಬಂದ್.

ಮಧ್ಯಾಹ್ನದ ಹೊತ್ತಿಗೆ ಆರ್ವಿಲ್ ಮೇಷ್ಟರ ಹಳೇ ಪಿಕಪ್ಪು ಬಂದು ನಿಂತಿತು. ಊರಿನ ಶಾಲೆಯಲ್ಲಿ ಲೋಹದ ಕೆಲಸ ಕಲಿಸುತ್ತಿದ್ದ ಮೇಷ್ಟರು. ಡೆಲ್ಮರ್ ಅರ ಹಿಡಿಯಲು ಕಲಿತದ್ದು ಅವರ ಕೈಯಲ್ಲೇ. ಈಗ ಎಪ್ಪತ್ತಾರು ವಯಸ್ಸು. ಹಿಂದೆ ಬಿಳಿ ಬಟ್ಟೆ ಸುತ್ತಿದ ನಾಲ್ಕು ತೊಡೆಗಳು, ಮೇಲೆ ಕವಲು ಕೊಂಬು. ಎಲ್ಕ್ ಕಡವೆ, ದೊಡ್ಡ ಗಂಡು.

"ಹನ್ನೊಂದು ವರ್ಷ ಲಾಟರಿ ಚೀಟಿ ಹಾಕಿದ್ದೆ ಕಣೋ ಈ ಬೆಟ್ಟದ ಪರವಾನಗಿಗೆ," ಎಂದರು ಮೇಷ್ಟರು ಇಳಿಯುತ್ತಾ. "ಈಗ ಸಿಕ್ತು. ಭುಜ ಹೋಗಿದೆ, ಬಿಲ್ಲು ಎಳೆಯೋಕೆ ಆಗಲ್ಲ ಇನ್ನು. ಇದೇ ಕೊನೇದು."

ಡೆಲ್ಮರನಿಗೆ ಬೆಳಗ್ಗೆಯಿಂದ ಮೊದಲ ಸಲ ಖುಷಿಯಾಯಿತು. "ಒಂದೇ ಬಾಣವಾ?"

"ಒಂದೇ. ಐವತ್ತು ಹೆಜ್ಜೆನೂ ನಡೀಲಿಲ್ಲ ಪಾಪ, ಅಲ್ಲೇ ಮಲಗಿಬಿಡ್ತು."

"ಹೋಗಿ ಮೇಷ್ಟ್ರೇ, ಮಾಂಸ ಬಿಸಿಲಿಗೆ ಕೆಡುತ್ತೆ."

"ಸಾಹೇಬ್ರೇ!" ಹಿಂದಿನ ಲಾರಿಯಿಂದ ಕೂಗು ಬಂತು. "ಉಂಗುರಕ್ಕೇನು ಇವತ್ತು ರಜಾನಾ?"

ಮರ ಕಡಿಯುವ ವೇಡ್. ಎರಡು ವರ್ಷದ ಹಿಂದೆ ಇದೇ ಜಾಗದಲ್ಲಿ ಅವನ ಮೊನೆ ಉಂಗುರದೊಳಗೆ ಉಜ್ಜಿಕೊಂಡು ಆಚೆ ಬಂದಿತ್ತು. ಡೆಲ್ಮರ್ ಅವನ ಎಲ್ಕನ್ನು ಜಪ್ತಿ ಮಾಡಿದ್ದ. ಆ ಮೊನೆಯನ್ನು ವೇಡ್ ತನ್ನ ಲಾರಿಯ ಕನ್ನಡಿಗೆ ಕಟ್ಟಿಕೊಂಡು, ಹಾದು ಹೋಗುವಾಗಲೆಲ್ಲ ಡೆಲ್ಮರನಿಗೆ ಕಾಣುವ ಹಾಗೆ ಕುಣಿಸುತ್ತಿದ್ದ. ಈ ವರ್ಷ ಅವನಿಗೆ ಮತ್ತೆ ಬೇಟೆಗೆ ಬಿಡುಗಡೆ ಸಿಕ್ಕಿತ್ತು, ನಾಲಿಗೆಗಂತೂ ಬಿಡುಗಡೆ ಯಾವತ್ತೂ ಇತ್ತು.

"ಅವನು ಕೇಳೋದು ಸರಿಯಾಗಿದೆ," ಎಂದು ಮೇಷ್ಟರು ತಾವೇ ಬಾಣ ತಂದರು. "ಹಾಕಿ ನೋಡು."

ಅವರಿಗೆ ಹೆದರಿಕೆ ಯಾಕಿದ್ದೀತು? ಈ ಕಾನೂನು ತಂದವರೇ ಅವರು. ಕಡ್ಡಿಯಂಥ ಸಣ್ಣ ಮೊನೆ ಹೊಕ್ಕು, ಮೂರು ವಾರ ಕೀವಾಗಿ ಸತ್ತ ಒಂದು ಹೆಣ್ಣು ಎಲ್ಕನ್ನು ಹಳ್ಳದಲ್ಲಿ ನೋಡಿದ ಮೇಲೆ, ಮನೆಮನೆಗೂ ಹೋಗಿ ಸಹಿ ಹಾಕಿಸಿದ್ದರು. ಇಲಾಖೆಯ ಉಂಗುರಗಳನ್ನು ಶಾಲೆಯ ಲೇತ್ ಯಂತ್ರದಲ್ಲಿ ಕಡೆದುಕೊಟ್ಟವರೂ ಅವರೇ.

ಡೆಲ್ಮರ್ ಮೊನೆಯನ್ನು ಉಂಗುರಕ್ಕಿಟ್ಟ. ಎಲ್ಲೂ ತಾಗದೆ ಅದು ತೂರಿ ಆಚೆ ಬಂತು.

ವೇಡ್ ಕೂಡ ನಗಲಿಲ್ಲ.

"ನಾನು ಮಾಡಿದಾಗ ಪೂರ್ತಿ ಒಂದು ಇಂಚಿತ್ತು," ಎಂದರು ಮೇಷ್ಟರು, ತಮಗೇ ಹೇಳಿಕೊಳ್ಳುವಂತೆ. "ಮೂವತ್ತು ವರ್ಷ ಇದನ್ನೇ ಮಸೆದಿದೀನಿ. ಪ್ರತಿ ಹಂಗಾಮಿಗೂ ಮೊದಲು, ಕೈ ಮೇಲಿನ ಕೂದಲು ಬೋಳಿಸೋ ಅಷ್ಟು. ಊರವರ ಮೊನೆಗಳನ್ನೆಲ್ಲ ಅಳೆದೆ. ನಂದನ್ನ ಅಳೀಬೇಕು ಅಂತ ಹೊಳೀಲೇ ಇಲ್ಲ ನೋಡು."

ಸಾಕಾಗಿತ್ತು ಡೆಲ್ಮರನಿಗೆ. ಹನ್ನೊಂದು ವರ್ಷ ಕಾದ ಮುದುಕನ ಕೊನೇ ಬೇಟೆಯನ್ನು ಕಿತ್ತುಕೊಳ್ಳುವುದಕ್ಕೆ ಇಷ್ಟು ವರ್ಷ ಮಂಡಿ ಸವೆಸಬೇಕಿತ್ತೇ? ಪ್ರಾಣಿ ನರಳಲಿಲ್ಲ ಬೇರೆ. ಅವನು ಉಂಗುರವನ್ನು ತಿರುಗಿಸಿ ತಿರುಗಿಸಿ ನೋಡಿದ. ಒಂದು ದಾರಿ ಹೊಳೆಯಿತು.

"ಮೇಷ್ಟ್ರೇ, ಇದು ಹಿತ್ತಾಳೆ. ಸಾವಿರಾರು ಸ್ಟೀಲಿನ ಅಲಗು ಇದರೊಳಗೆ ತಿರುಚಿದೀನಿ. ಉಂಗುರಾನೇ ಸವೆದಿರಬಹುದಲ್ವಾ?"

ಮೇಷ್ಟರು ತಲೆಯೆತ್ತಿದರು. ಅಂಗಿ ಜೇಬಿನಿಂದ ಕೂದಲೆಳೆಯನ್ನೂ ಅಳೆಯುವ ವರ್ನಿಯರ್ ತೆಗೆದರು. ಪೆನ್ನು ಮರೆತಾರು, ಅದನ್ನು ಮರೆಯುವವರಲ್ಲ. ಉಂಗುರದ ಒಳಗೆ ಅದರ ಕೊಕ್ಕು ತೆರೆದು, ಕನ್ನಡಕ ಹಣೆಗೇರಿಸಿ ಓದಿದರು.

"ಸವೆದಿದೆ. ಉಗುರಿನ ದಪ್ಪದಷ್ಟು ದೊಡ್ಡದಾಗಿದೆ."

"ಆಯ್ತಲ್ಲ! ಉಂಗುರ ಸುಳ್ಳಾದ್ರೆ ಕೇಸೂ ಸುಳ್ಳು. ಹೋಗಿ, ಹೋಗಿ."

"ತಡಿಯೋ." ಮೇಷ್ಟರು ತಮ್ಮ ಮೊನೆಯನ್ನು ವರ್ನಿಯರಿಗೆ ಕೊಟ್ಟರು. ಎರಡು ಸಲ ಓದಿದರು. "ಆರೂವರೆ ಪಾಲು. ಹೊಸ ಉಂಗುರ ಆದ್ರೂ ತೂರುತ್ತೆ. ಕೇಸು ಬರಿ, ಡೆಲ್ಮರ್."

ಆಗ ಲಾರಿಯ ಬಾಗಿಲು ಬಡಿದ ಸದ್ದಾಯಿತು. ವೇಡ್ ಬಂದು ನಿಂತಿದ್ದ. ಕನ್ನಡಿಯಿಂದ ಬಿಚ್ಚಿದ ಮೊನೆ ಅಂಗೈಯಲ್ಲಿತ್ತು, ದಾರ ಇನ್ನೂ ಜೋತಾಡುತ್ತಿತ್ತು.

"ಮೇಷ್ಟ್ರೇ," ಎಂದ, ಈ ಸಲ ಗಂಟಲು ಏರಿಸದೆ. "ಇದನ್ನೂ ಒಂಚೂರು."

ಡೆಲ್ಮರನಿಗೆ ಅಳೆಯುವ ಮೊದಲೇ ಗೊತ್ತಾಯಿತು. ಎರಡು ವರ್ಷದ ಹಿಂದೆ ಆ ಮೊನೆ ಉಂಗುರಕ್ಕೆ ಉಜ್ಜಿದ ಬಿಗಿ ಅವನ ಬೆರಳಿಗೆ ಇನ್ನೂ ನೆನಪಿತ್ತು. ತಡೆದಿತ್ತು ಅದು. ಆಮೇಲೆ ಅವನು ಸ್ವಲ್ಪ ಒತ್ತಿದ್ದ.

"ಏಳು ಪಾಲು," ಎಂದರು ಮೇಷ್ಟರು. "ಕೂದಲೆಳೆಯಷ್ಟೂ ಕಮ್ಮಿ ಇಲ್ಲ."

ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ ಡೆಲ್ಮರನಿಗೆ ಬಹಳ ಹೊತ್ತೇನೂ ಹಿಡಿಯಲಿಲ್ಲ. ವಾದ ಮಾಡುವಷ್ಟು ತ್ರಾಣವೇ ಅವನಲ್ಲಿ ಉಳಿದಿರಲಿಲ್ಲ. "ನಿನ್ನದು ಸರಿಯಾಗಿತ್ತು ವೇಡ್. ತಪ್ಪು ನಂದು. ಇಲಾಖೆಗೆ ಬರೆದು ಕೊಡ್ತೀನಿ, ನನ್ನ ಹೆಸರು ಹಾಕಿ."

"ನನ್ನ ಎಲ್ಕು?"

"ಊರಲ್ಲಿ ಹಿರಿಯರಿಗೆ ಬುಧವಾರ ಊಟ ಹಾಕ್ತಾರಲ್ಲ, ಅಲ್ಲಿಗೆ ಹೋಯ್ತು."

"ನಾನೂ ತಿಂದೆ," ಎಂದರು ಮೇಷ್ಟರು. "ಚೆನ್ನಾಗಿತ್ತಪ್ಪ."

ವೇಡನ ಬಾಯಿಂದ ನಗುವಿನಂಥದ್ದೇನೋ ಹೊರಟು ಅರ್ಧಕ್ಕೇ ನಿಂತಿತು. "ಆ ಚಳಿಗಾಲ ನನ್ನ ಮಕ್ಕಳು ಡಬ್ಬಿ ಬೀನ್ಸ್ ತಿಂದ್ವು ಸಾಹೇಬ್ರೇ. ಊರಲ್ಲೆಲ್ಲ ಕಳ್ಳಬೇಟೆ ವೇಡ್ ಅನ್ನಿಸ್ಕೊಂಡೆ."

ಡೆಲ್ಮರ್ ಉಂಗುರವನ್ನು ಮತ್ತೆ ಸೊಂಟಕ್ಕೆ ನೇತುಹಾಕಿಕೊಂಡ.

"ಸ್ಟೀಲಲ್ಲಿ ಮಾಡಬೇಕಿತ್ತು ನಾನು," ಎಂದರು ಮೇಷ್ಟರು. "ಹಿತ್ತಾಳೆ ಕಡೆಯೋದು ಸುಲಭ ಅಂತ ಮಾಡಿದೆ."

ಡೆಲ್ಮರ್ ಪಿಕಪ್ಪಿನ ಬಾನೆಟ್ಟಿನ ಮೇಲೆ ಕೇಸಿನ ಪುಸ್ತಕವಿಟ್ಟು ಮೇಷ್ಟರ ಹೆಸರು ಬರೆದ. ಹಾಳೆ ಹರಿದು ಅವರ ಕೈಗೆ ಕೊಟ್ಟ. ಈ ಉಂಗುರದಲ್ಲಿ ಉಜ್ಜಿಕೊಂಡು ತೂರಿದ ಮೊನೆಗಳು ಇನ್ನೆಷ್ಟಿದ್ದವು? ಕಚೇರಿಯ ಬೀರುವಿನಲ್ಲಿ ಹಳೇ ಪುಸ್ತಕಗಳೆಲ್ಲ ಇದ್ದವು. ನಿವೃತ್ತಿಗೆ ಉಳಿದ ಮೂರು ತಿಂಗಳಲ್ಲಿ ಮೀನು ಹಿಡಿಯಲು ಹೋಗಬೇಕು ಅಂದುಕೊಂಡಿದ್ದ. ಆ ತಿಂಗಳುಗಳು ಎಲ್ಲಿಗೆ ಹೋಗುತ್ತವೆ ಎಂಬುದು ಅವನಿಗೆ ಈಗ ಸ್ಪಷ್ಟವಾಯಿತು.

ಮಾಂಸ ಇಳಿಸಲು ಮೇಷ್ಟರ ಭುಜ ಏಳಲಿಲ್ಲ, ಡೆಲ್ಮರನ ಮಂಡಿ ಬಗ್ಗಲಿಲ್ಲ. ಇಬ್ಬರ ಪೇಚಾಟವನ್ನು ಸ್ವಲ್ಪ ಹೊತ್ತು ನೋಡಿ, ವೇಡ್ ಏನೋ ಗೊಣಗುತ್ತಾ ಬಂದು ನಾಲ್ಕು ತೊಡೆಗಳನ್ನೂ ಕೊಂಬನ್ನೂ ತಾನೇ ಹೆಗಲ ಮೇಲೆ ಹೊತ್ತು ಇಲಾಖೆಯ ಜೀಪಿಗೆ ಹಾಕಿದ. ಮೇಷ್ಟರು ಕೊಂಬನ್ನೊಮ್ಮೆ ಸವರಿ, ಖಾಲಿ ಪಿಕಪ್ಪು ಹತ್ತಿ ಹೊರಟುಹೋದರು. ಹಿಂತಿರುಗಿ ನೋಡಲಿಲ್ಲ.

ಮೇಲಿನಿಂದ ಇನ್ನೊಂದು ಗಾಡಿ ಇಳಿದು ಬರುವ ಸದ್ದು ಕೇಳಿಸಿತು. ಡೆಲ್ಮರನ ಕೈ ಅಭ್ಯಾಸಬಲದಿಂದ ಸೊಂಟದ ಉಂಗುರಕ್ಕೆ ಹೋಗಿ, ಹಾಗೇ ನಿಂತಿತು.

ವೇಡ್ ತನ್ನ ಮೊನೆಯನ್ನು ಅವನ ಅಂಗೈಯಲ್ಲಿಟ್ಟ, ದಾರದ ಸಮೇತ.

"ಹೊಸ ಉಂಗುರ ಬರೋ ತನಕ ಇದರ ಪಕ್ಕ ಹಿಡಿದು ನೋಡಿ. ಸರಿಯಾಗಿ ಏಳು ಪಾಲಿದೆ, ಮೇಷ್ಟ್ರೇ ಅಳೆದಿದಾರೆ. ಕ್ಷಮಿಸಿಬಿಟ್ಟೆ ಅಂತ ಮಾತ್ರ ಅಂದ್ಕೋಬೇಡಿ."

"ಅಂದ್ಕೊಳ್ಳಲ್ಲ," ಎಂದ ಡೆಲ್ಮರ್.

ಗಾಡಿ ಬಂದು ನಿಂತಿತು. ಅವನು ವೇಡನ ಮೊನೆಯನ್ನು ಬೆರಳ ನಡುವೆ ಹಿಡಿದು, ಗಾಡಿಯತ್ತ ಕುಂಟುತ್ತಾ ನಡೆದ.