ನೋಂಬಿನ ಸಾರು

ಸುಮಿತ್ರ ನಂಜನಗೂಡಿನವಳು, ಬ್ಯಾಂಕಿನಲ್ಲಿ ಆಫೀಸರು, ನಲವತ್ತೊಂದು ವರ್ಷ, ಒಂಟಿ ಜೀವ. ಪಾಲಾರಿವಟ್ಟಂ ಬ್ರಾಂಚಿಗೆ ವರ್ಗವಾಗಿ ಬಂದು ಮೇರಿ ಅಮ್ಮಚ್ಚಿಯ ಮನೆಯ ಮಹಡಿ ಹಿಡಿದು ವರ್ಷವಾಗಿತ್ತು. ಆದರೂ ಕೆಳಗಿನ ಅಡುಗೆಮನೆಯ ಹೊಸಿಲು ತುಳಿದಿರಲಿಲ್ಲ. ತುಳಿಯೋದಾದರೂ ಹೇಗೆ? ಕೆಳಗೆ ದಿನಬೆಳಗಾದರೆ ಮೀನು. ಒಂಬತ್ತು ಗಂಟೆಗೆ ಆ ವಾಸನೆ ಮೆಟ್ಟಿಲು ಹತ್ತುವಷ್ಟರಲ್ಲಿ ಈ ಮಹಾರಾಯ್ತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಗೇಟು ದಾಟಿರುತ್ತಿದ್ದಳು. "ನಿಧಾನಕ್ಕೆ ಇಳಿ ಮೋಳೇ, ಮೀನಿಗೆ ಕಾಲಿಲ್ಲ, ಅಟ್ಟಿಸ್ಕೊಂಡು ಬರಲ್ಲ" ಅಂತ ಅಮ್ಮಚ್ಚಿ ಒಳಗಿನಿಂದಲೇ ಕೂಗುತ್ತಿದ್ದರು. ಮೋಳೇ ಅಂದರೆ ಮಗಳೇ, ಅಮ್ಮಚ್ಚಿ ಅಂದರೆ ಅಮ್ಮ. ಇಬ್ಬರ ಮಾತುಕತೆಯೂ ಅರ್ಧ ಮಲಯಾಳ, ಅರ್ಧ ಕೈಸನ್ನೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಹೇಳಿಬಿಡುತ್ತೇನೆ, ನನಗೂ ಸುಲಭ.

ಎರಡು ಸಾವಿರದ ಆರನೇ ಇಸವಿ, ಫೆಬ್ರವರಿಯ ಕೊನೇ ಭಾನುವಾರ ಸಂಜೆ ಅಮ್ಮಚ್ಚಿ ತಾವೇ ಮೇಲೆ ಬಂದರು. ಕೈಯಲ್ಲಿ ತಿಕ್ಕಿ ತೊಳೆದ ಮೀನಿನ ಮಡಕೆ.

"ಇದನ್ನ ಅಟ್ಟಕ್ಕೆ ಹಾಕ್ಕೊಡು ಬಾ, ನನಗೆ ಎಟುಕಲ್ಲ. ನಾಳೆಯಿಂದ ಈಸ್ಟರ್ ತನಕ ನೋಂಬು, ಐವತ್ತು ದಿನ."

ಸುಮಿತ್ರ ಎರಡೇ ಬೆರಳಲ್ಲಿ ಮಡಕೆ ಹಿಡಿದು, ಉಸಿರು ಬಿಗಿಹಿಡಿದು, ಹಾಗೆ ಮೊದಲ ಸಲ ಆ ಅಡುಗೆಮನೆಯೊಳಗೆ ಹೋದಳು.

ನೋಂಬು ಅಂದರೆ ವ್ರತ. ಮಾಂಸ, ಮೀನು, ಮೊಟ್ಟೆ ಮುಟ್ಟುವಂತಿಲ್ಲ. ಅಮ್ಮಚ್ಚಿಯದು ಹಳೇ ಕಟ್ಟು ಬೇರೆ, ಹಾಲು, ಮೊಸರು, ಬೆಣ್ಣೆ, ತುಪ್ಪ ಕೂಡ ಇಲ್ಲ. ಅದನ್ನು ಕೇಳಿ ಸುಮಿತ್ರಳಿಗೆ ನಗು ಬಂತು. ಅವಳ ಕಡೆ ವ್ರತ ಹಿಡಿದವರಿಗೆ ಗತಿಯೇ ಹಾಲು, ಹಣ್ಣು.

"ಮೊಸರಿಲ್ಲದೆ ಊಟ ಮುಗಿಸೋದು ಹೇಗೆ ಅಮ್ಮಚ್ಚಿ?"

"ಎದ್ದು ಕೈ ತೊಳ್ಕೊಂಡ್ರೆ ಮುಗೀತು."

ಮಾತು ಹಗುರವಾಗಿತ್ತು, ವಿಷಯ ಹಗುರದ್ದಲ್ಲ. ಅಮ್ಮಚ್ಚಿಯ ಒಬ್ಬಳೇ ಮಗಳು ಲಿಸ್ಸಿ ತಿರುವನಂತಪುರದ ಕಳಕ್ಕೂಟಂನಲ್ಲಿದ್ದಳು, ಗಂಡ ಜೋಸೆಫ್‌ಗೆ ಅಲ್ಲಿನ ಐಟಿ ಪಾರ್ಕಿನಲ್ಲಿ ಕೆಲಸ. ಅವಳಿಗೆ ಎರಡು ಬಸಿರು ನಿಂತಿರಲಿಲ್ಲ. ಹಿಂದಿನ ವರ್ಷ ಮಗಳಿಗೋಸ್ಕರ ಅಂತ ಹರಕೆ ಹೊತ್ತು ನೋಂಬು ಹಿಡಿದ ಅಮ್ಮಚ್ಚಿ, ಇಪ್ಪತ್ತೆರಡನೇ ದಿನ ನಾಲಿಗೆಗೆ ಸೋತು ಎರಡು ಕರಿಮೀನು ಹುರಿದು ತಿಂದುಬಿಟ್ಟಿದ್ದರು. ಮುಂದಿನ ವಾರವೇ ಲಿಸ್ಸಿಯ ಎರಡನೆಯದೂ ಹೋಯಿತು. ಡಾಕ್ಟರು ಏನೇನೋ ಕಾರಣ ಹೇಳಿದರು. ಈ ಹೆಂಗಸು ಕೇಳಬೇಕಲ್ಲ! ತಾನು ತಿಂದ ಮೀನೇ ಕೂಸನ್ನು ತಿಂತು ಅಂತ ಮನಸ್ಸಿಗೆ ಹಚ್ಚಿಕೊಂಡರು. ಈಗ ಲಿಸ್ಸಿಗೆ ಮತ್ತೆ ಆರು ತಿಂಗಳು, ಹಾಸಿಗೆ ಬಿಟ್ಟು ಏಳಬಾರದು ಅಂತ ಕಟ್ಟಪ್ಪಣೆಯಾಗಿತ್ತು. ಈ ಸಲದ ಐವತ್ತು ದಿನದಲ್ಲಿ ಒಂದು ತುತ್ತೂ ಹೆಚ್ಚುಕಡಿಮೆ ಆಗುವ ಹಾಗಿರಲಿಲ್ಲ.

ಮೊದಲ ನಾಲ್ಕು ದಿನ ಬೇಯಿಸಿದ ಕಾಳು, ಎಲೆಕೋಸಿನ ಪಲ್ಯ. ಐದನೇ ದಿನ ಅಮ್ಮಚ್ಚಿ ತಟ್ಟೆ ಮುಂದಿಟ್ಟುಕೊಂಡು ಗೋಡೆ ನೋಡುತ್ತಾ ಕೂತಿದ್ದನ್ನು ಸುಮಿತ್ರ ಕಂಡಳು. ಕಂಡು ಸುಮ್ಮನಿರುವ ಜಾತಿಯಲ್ಲ ಅವಳದು. ಮೇಲಿಂದ ಒಂದು ಬಟ್ಟಲು ಹುರುಳಿ ಸಾರು ತಂದು ಅನ್ನದ ಮೇಲೆ ಸುರಿದಳು. ಅಕ್ಕ ಪ್ರೇಮ ನಂಜನಗೂಡಿನಿಂದ ಕಳಿಸುವ ಸಾರಿನ ಪುಡಿ, ಬ್ಯಾಡಗಿ ಜೊತೆಗೆ ಗುಂಟೂರೂ ಬಿದ್ದದ್ದು, ಮೇಲೆ ಬೆಳ್ಳುಳ್ಳಿ, ತೆಂಗಿನೆಣ್ಣೆ ಒಗ್ಗರಣೆ. ಅಮ್ಮಚ್ಚಿ ಒಂದು ತುತ್ತು ತಿಂದು "ಕರ್ತಾವೇ!" ಅಂತ ದೇವರನ್ನು ಕರೆದರು. ಎರಡನೇ ತುತ್ತಿಗೆ ಯಾರನ್ನೂ ಕರೆಯಲಿಲ್ಲ. ತಟ್ಟೆ ಖಾಲಿಯಾಯಿತು.

ಅಲ್ಲಿಂದ ಶುರುವಾಯಿತು ನೋಡಿ. ಬ್ಯಾಂಕಿನಿಂದ ಬಂದವಳೇ ಸುಮಿತ್ರ ಕೆಳಗೇ ಅಡುಗೆಗೆ ನಿಲ್ಲುತ್ತಿದ್ದಳು. ಒಂದು ದಿನ ಬದನೆಕಾಯಿ ಎಣ್ಣೆಗಾಯಿ, ಒಂದು ದಿನ ಹಾಗಲಕಾಯಿ ಗೊಜ್ಜು, ಒಂದು ದಿನ ಸೊಪ್ಪು ಬಸಿದ ಸಾರು. ಎಲ್ಲದಕ್ಕೂ ಆ ಪುಡಿಯೇ. ಮೊಸರು ಅವಳೂ ಬಿಟ್ಟಳು, ಎದುರಿಗೆ ಕೂತು ಕಲಸಿ ತಿನ್ನಲು ಮನಸ್ಸಾಗಲಿಲ್ಲ. ಯುಗಾದಿಗೆ ಒಬ್ಬಟ್ಟನ್ನು ತುಪ್ಪ ಇಲ್ಲದೆ ತೆಂಗಿನಹಾಲಿನಲ್ಲಿ ಅದ್ದಿ ತಿಂದರು. ಇಬ್ಬರೇ ಕೂತು ಉಣ್ಣುವುದು ಅವಳಿಗೆ ಎಷ್ಟು ಹಿತವಾಗಿತ್ತು ಅಂದರೆ, ಈಸ್ಟರ್ ಬೇಗ ಬಾರದಿರಲಿ ಅಂತ ಒಳಗೊಳಗೇ ಆಸೆಪಟ್ಟಳು.

ಮೂವತ್ತೊಂಬತ್ತನೇ ದಿನ ಸಂಜೆ ಅಕ್ಕನ ಫೋನು.

"ಪುಡಿ ಬಂತೇನೇ? ಹೋದ ಸಲದ ಥರಾನೇ ಮಾಡಿದೀನಿ. ಮೆಣಸಿನಕಾಯಿ, ಧನಿಯಾ, ಮೆಂತ್ಯ ಎಲ್ಲಾನೂ ಬರೀ ತುಪ್ಪದಲ್ಲೇ ಹುರಿದಿರೋದು. ಎಣ್ಣೆ ಸೋಕಿಸಿಲ್ಲ ಕಣೇ."

ಸುಮಿತ್ರ ಫೋನಿಟ್ಟು ಪುಡಿಯ ಡಬ್ಬಿ ತೆಗೆದು ಮೂಸಿದಳು. ಒಗ್ಗರಣೆಗೆ ತುಪ್ಪ ಹಾಕಿರಲಿಲ್ಲ, ಅನ್ನಕ್ಕೆ ಬಡಿಸಿರಲಿಲ್ಲ, ತುಪ್ಪದ ಡಬ್ಬಿಯನ್ನೇ ಎತ್ತಿ ಮೇಲಿನ ಬೀರುವಿನಲ್ಲಿ ಇಟ್ಟಿದ್ದಳು. ಪುಡಿಯ ಯೋಚನೆ ಮಾತ್ರ ಬಂದಿರಲಿಲ್ಲ. ಹುಟ್ಟಿದಾಗಿನಿಂದ ಮೂಗಿಗೆ ಅಂಟಿದ ವಾಸನೆ ಅದು. ಅವಳಿಗೆ ಅದು ಸಾರಿನ ವಾಸನೆ, ತುಪ್ಪದ್ದಲ್ಲ. ತುಪ್ಪದಿಂದ ವ್ರತ ಕೆಡುತ್ತೆ ಅಂದರೆ ನಂಜನಗೂಡಿನಲ್ಲಿ ಯಾರಾದರೂ ನಂಬುತ್ತಾರಾ? ಐದನೇ ದಿನದಿಂದ ಇಲ್ಲಿಯ ತನಕ ಅಮ್ಮಚ್ಚಿಯ ನೋಂಬು ಇವಳ ಕೈಯಿಂದಲೇ ಮುರಿಯುತ್ತಾ ಬಂದಿತ್ತು.

ಹೇಳಬೇಕು. ಹೇಳಿದರೆ? ಹೋದ ವರ್ಷದ ಎರಡು ಮೀನನ್ನೇ ಇನ್ನೂ ಹೊತ್ತು ತಿರುಗುತ್ತಿರುವ ಹೆಂಗಸು ಇದನ್ನು ಹೇಗೆ ತಡೆದಾರು? ನಾಳೆ ಲಿಸ್ಸಿಗೆ ಏನಾದರೂ ಆದರೆ? ಸುಮಿತ್ರ ಸಾಲದ ಅರ್ಜಿಗಳ ಮೇಲೆ ಬರೆಯುವ ಹಾಗೆ ಇದನ್ನೂ ಸದ್ಯಕ್ಕೆ ತಡೆಹಿಡಿದಳು. ಮರುದಿನ ಶುಕ್ರವಾರ ಬೆಳಿಗ್ಗೆ ಬೇಗ ಎದ್ದು ತೆಂಗಿನೆಣ್ಣೆಯಲ್ಲಿ ಎಲ್ಲ ಹುರಿದು ಹೊಸ ಪುಡಿ ಮಾಡಿಕೊಂಡಳು. ಮುಂದಾದರೂ ಸರಿಯಾಗಿರಲಿ ಅಂತ.

ಅಮ್ಮಚ್ಚಿ ಒಂದು ತುತ್ತು ತಿಂದು ಬಾಯಿ ಚಪ್ಪರಿಸಿದರು. "ಇವತ್ತು ಯಾಕೋ ಸಪ್ಪೆ."

"ಖಾರ ಅಷ್ಟೇ ಇದೆಯಲ್ಲ ಅಮ್ಮಚ್ಚಿ."

"ಖಾರ ಇದೆ. ಬೇರೇನೋ ಇಲ್ಲ."

ಶನಿವಾರ ಅರ್ಧ ಊಟ, ಭಾನುವಾರ ಕಾಲು. ಸೋಮವಾರ ಬೆಳಿಗ್ಗೆ ಸುಮಿತ್ರ ಮೆಟ್ಟಿಲಿಳಿದರೆ, ಮೀನಿನವನ ಸೈಕಲ್ಲು ಗೇಟಿನ ಮುಂದೆ ನಿಂತಿದೆ! ಅಮ್ಮಚ್ಚಿ ಸ್ಟೀಲಿನ ಬೋಗುಣಿ ಹಿಡಿದು ಅವನ ಬುಟ್ಟಿಯೊಳಗೆ ಬಗ್ಗಿ ನೋಡುತ್ತಿದ್ದಾರೆ.

"ಅಮ್ಮಚ್ಚೀ!"

ಅಮ್ಮಚ್ಚಿ ಬೆಚ್ಚಿಬಿದ್ದು ಬೋಗುಣಿಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. "ಸುಮ್ಮನೆ ನೋಡ್ತಿದ್ದೆ" ಅಂದರು. ಮೀನಿನವನು ಹೋದ ಮೇಲೆ ಖಾಲಿ ಬೋಗುಣಿಯನ್ನು ಇವಳ ಕೈಗೆ ಕೊಟ್ಟರು. "ನನ್ನಿಂದ ಆಗಲ್ಲ ಮೋಳೇ. ಆ ಹಳೇ ಪುಡಿ ಹಾಕಿ ಸಾರು ಮಾಡು. ಇನ್ನು ಆರೇ ದಿನ, ನನ್ನ ದಾಟಿಸ್ಬಿಡು."

ಏನು ಮಾಡ್ತೀರಿ ಹೇಳಿ? ಹಳೇ ಪುಡಿ ಹಾಕಿದರೆ ತುಪ್ಪ, ಹಾಕದಿದ್ದರೆ ಮೀನು. ಹೇಳಿದರೆ ಎರಡೂ ಇಲ್ಲ, ಆದರೆ ಹೇಳೋಕೆ ನಾಲಿಗೆ ಏಳಬೇಕಲ್ಲ. ಸುಮಿತ್ರ ಹಳೇ ಡಬ್ಬಿ ತೆಗೆದು ಎರಡು ಚಮಚ ಹಾಕಿದಳು. ಇಷ್ಟು ದಿನ ಅರಿಯದೆ ಮಾಡಿದ್ದನ್ನು ಅವತ್ತು ಅರಿತೇ ಮಾಡಿದಳು. ಅಮ್ಮಚ್ಚಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು.

ಗುಡ್ ಫ್ರೈಡೇ ದಿನ ಬ್ಯಾಂಕಿಗೆ ರಜೆ. ಚರ್ಚಿನಲ್ಲಿ ಬೆಳಗಿನಿಂದ ನಿಂತು ಬಂದ ಅಮ್ಮಚ್ಚಿಗೆ ದಿನಕ್ಕೆಲ್ಲ ಒಂದೇ ಊಟ, ಗಂಜಿ ಮತ್ತು ಹೆಸರುಕಾಳು. ಸುಮಿತ್ರ ಕಾಳಿಗೆ ಅದೇ ಪುಡಿ ಉದುರಿಸಿ ತಂದಿಟ್ಟಳು. ಊಟಕ್ಕೆ ಮೊದಲು ಅಮ್ಮಚ್ಚಿ ಶಿಲುಬೆ ಗುರುತು ಹಾಕಿಕೊಂಡು, ತಟ್ಟನೆ ಇವಳ ತಲೆ ಮೇಲೆ ಕೈಯಿಟ್ಟರು.

"ಕರ್ತಾವೇ, ನನ್ನ ನೋಂಬನ್ನು ಹೊತ್ತು ತಂದವಳು ಇವಳು. ಇವಳ ಹೊಟ್ಟೆ ತಣ್ಣಗಿರಲಿ."

ಇವಳಿಗೆ ತಡೆಯಲಾಗಲಿಲ್ಲ. "ತಿನ್ನಬೇಡಿ ಅಮ್ಮಚ್ಚಿ, ಅದರಲ್ಲಿ ತುಪ್ಪ ಇದೆ" ಅಂದುಬಿಟ್ಟಳು. ಆಮೇಲೆ ಒಂದೂ ಬಿಡದೆ ಎಲ್ಲ ಹೇಳಿದಳು.

ಅಮ್ಮಚ್ಚಿ ಕೇಳಿದ್ದು ಒಂದೇ ಪ್ರಶ್ನೆ. "ಸೋಮವಾರ ಹಾಕಿದೆಯಲ್ಲ, ಆಗ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ಕಾಳಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಗಂಜಿಯಷ್ಟೇ ಕುಡಿದು, ಲೋಟ ತೊಳೆದಿಟ್ಟು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸುಮಿತ್ರ ಮೇಲೆ ಹೋಗಿ, ಪುಡಿ ಡಬ್ಬಿಯನ್ನು ಕಸದ ಬುಟ್ಟಿಗೆ ಸುರಿದು, ಮಂಚದ ಮೇಲೆ ಕೂತಳು. ನಾಚಿಕೆ, ಹೆದರಿಕೆ, ಅದರ ಜೊತೆಗೆ ಸದ್ಯ ಹೇಳಿಯಾಯಿತಲ್ಲ ಅನ್ನುವ ನಿರಾಳ. ಆ ನಿರಾಳಕ್ಕೂ ನಾಚಿಕೆಯಾಯಿತು.

ಈಸ್ಟರಿಗೆ ಲಿಸ್ಸಿಯ ಮನೆಗೆ ಇಬ್ಬರೂ ಹೋಗುವುದು ಅಂತ ಮೊದಲೇ ಮಾತಾಗಿತ್ತು. ಇನ್ನೆಲ್ಲಿಯ ಹೋಗುವುದು ಅಂದುಕೊಂಡು ಶನಿವಾರ ಸುಮಿತ್ರ ಬಟ್ಟೆ ನೆನೆಹಾಕುತ್ತಿದ್ದರೆ, ಕೆಳಗಿನಿಂದ ಕೂಗು ಬಂತು.

"ರೈಲು ಹನ್ನೊಂದಕ್ಕೆ. ಹೊರಡಲ್ವಾ?"

ರೈಲಿನಲ್ಲಿ ಅಮ್ಮಚ್ಚಿ ಇವಳಿಗೆ ಬೆನ್ನು ಹಾಕಿ ಕಿಟಕಿಯ ಪಕ್ಕ ಕೂತರು. ಕೊಲ್ಲಂನಲ್ಲಿ ಅಮ್ಮಚ್ಚಿ ಬಾಳೆಹಣ್ಣು ಕೊಂಡು, ಕಿಟಕಿಯ ಕಡೆ ನೋಡುತ್ತಲೇ ಎರಡನ್ನು ಇವಳ ಮಡಿಲಿಗೆ ಹಾಕಿದರು. ಇವಳು ತಿಂದಳು. ರುಚಿ ಹತ್ತಲಿಲ್ಲ.

ಭಾನುವಾರ ಜೋಸೆಫ್ ವಿಳಿಂಜಂವರೆಗೆ ಬೈಕಿನಲ್ಲಿ ಹೋಗಿ ದೊಡ್ಡ ಮೀನು ತಂದ. ಅಮ್ಮಚ್ಚಿಯೇ ಮಸಾಲೆ ಅರೆದು ಸಾರು ಮಾಡಿದರು. ಉಪ್ಪು ನೋಡೋಕೆ ಮಾತ್ರ ಅಳಿಯನನ್ನು ಕರೆದರು. ಮೇಜಿನ ಮೇಲೆ ಅಪ್ಪಂ, ಬಾತುಕೋಳಿ, ಮೀನು. ಲಿಸ್ಸಿ ದಿಂಬಿಗೆ ಒರಗಿ ಕೂತಿದ್ದಳು, ತುಂಬಿದ ಹೊಟ್ಟೆ. ಅಮ್ಮಚ್ಚಿ ಎಲ್ಲರಿಗೂ ಬಡಿಸಿ, ಒಳಗಿನಿಂದ ಎರಡು ಬಟ್ಟಲು ಗಂಜಿ ತಂದು, ಒಂದನ್ನು ಸುಮಿತ್ರಳ ಮುಂದಿಟ್ಟು, ಇನ್ನೊಂದನ್ನು ತಮ್ಮ ಮುಂದೆ ಇಟ್ಟುಕೊಂಡರು.

"ಇದೇನು ಅಮ್ಮಚ್ಚಿ, ನೋಂಬು ಮುಗೀತಲ್ಲ?" ಅಂದ ಜೋಸೆಫ್.

ಲಿಸ್ಸಿಯ ಮುಖ ಬಿಳಿಚಿತು, ಕೈ ಹೊಟ್ಟೆಯ ಮೇಲೆ ಹೋಯಿತು. "ಅಮ್ಮಚ್ಚಿ, ಈ ಸಲವೂ ಮುರೀತಾ?"

ಸುಮಿತ್ರ ಕಣ್ಣು ಕೆಳಗೆ ಹಾಕಿದಳು. ಈಗ ಬಂತು, ಹೇಳಲಿ, ಹೇಳಿಬಿಡಲಿ.

"ಏನೂ ಮುರಿದಿಲ್ಲ, ಸುಮ್ಮನೆ ತಿನ್ನು" ಅಂದರು ಅಮ್ಮಚ್ಚಿ. "ನಿನ್ನದು ಮುಗೀತು. ಇದು ಬೇರೆ ಐವತ್ತು. ಶುಕ್ರವಾರದಿಂದ ಹಿಡಿದಿದೀನಿ. ಇವತ್ತಿಗೆ ಮೂರನೇ ದಿನ."

"ಇದು ಯಾರಿಗೆ?"

ಅಮ್ಮಚ್ಚಿ ಗಂಜಿ ಕಲಕುತ್ತಾ ಸುಮಿತ್ರಳ ಕಡೆ ಗಲ್ಲ ಎತ್ತಿ ತೋರಿಸಿದರು.

"ಇವಳಿಗೆ. ಇವಳಿಗೆ ಅಂತ ನೋಂಬು ಹಿಡಿಯೋಕೆ ಇನ್ಯಾರಿದಾರೆ?"

ಸುಮಿತ್ರ ಒಂದು ಗುಟುಕು ಗಂಜಿ ಕುಡಿದಳು, ಇನ್ನೊಂದು ಕುಡಿಯಲಾಗಲಿಲ್ಲ. ಕಣ್ಣಿಂದ ನೀರು ಧಾರಾಕಾರ ಸುರಿಯಿತು. ಖಾರ ಅಂತ ನೆಪ ಹೇಳೋಣವೆಂದರೆ, ಬಟ್ಟಲಲ್ಲಿ ಇದ್ದದ್ದು ಉಪ್ಪು ಮಾತ್ರ ಹಾಕಿದ ಗಂಜಿ.